ಮೂವತ್ತೊಂಬತ್ತು ತಲೆ

"ತಿರುಗಬೇಡ. ಕಿಟಕಿ ನೋಡು."

ನಾನು ಕಿಟಕಿ ನೋಡಿದೆ.

ಬಲಗಡೆ ಪಕ್ಕೆಲುಬಿನ ಕೆಳಗೆ ಗಟ್ಟಿಯಾದದ್ದೇನೋ ಒತ್ತುತ್ತಿತ್ತು. ಹಳದಿ ಜಾಕೆಟ್ಟಿನ ಜೇಬಿನೊಳಗಿಂದ... ಹನ್ನೆರಡು ವರ್ಷ ಪೊಲೀಸ್ ಕೆಲಸ ಮಾಡಿದವಳು ನಾನು. ಪಿಸ್ತೂಲನ್ನು ಅಲ್ಲಿಟ್ಟು ಕುದುರೆ ಎಳೆದರೆ ಏನಾಗುತ್ತದೆ ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಕೂಗಿದ್ರೆ ನೀನು ಸಾಯ್ತೀಯ. ಆಮೇಲೆ ನಿನ್ನ ಗೆಳೆಯ."

ಜಾಕೆಟ್ ಹೋನೆಯದು. ಸೀಟು ಹೋನೆಯದು. ಒಳಗಿದ್ದವನು ಮಾತ್ರ ಹೋನೆಯಲ್ಲ!

ಬಸ್ಸು ಬೆಟ್ಟದ ತಿರುವುಗಳಲ್ಲಿ ಏರುತ್ತಿತ್ತು. ಮುಂದಿನ ಸೀಟುಗಳಲ್ಲಿ ಹಾಡು, ನಗು. ಗಡಿಗೆ ಇನ್ನು ಇಪ್ಪತ್ತು ನಿಮಿಷದ ದಾರಿ.

ಹೋನೆ ಯಾರೆಂದು ಹೇಳಿಬಿಡುತ್ತೇನೆ, ಕೇಳಿ. ಹೋನೆ ರಾಪಾನಾ. ನ್ಯೂಜಿಲೆಂಡಿನ ಮಾವೊರಿ ಹುಡುಗ, ಇಪ್ಪತ್ತೆಂಟು ವರ್ಷ, ಗಣಿತದ ಮೇಷ್ಟ್ರು. ನಾನು ಲಿಯೋನಿ, ಆಸ್ಟ್ರೇಲಿಯಾದ ಒಂದು ಗಣಿ ಊರಿನವಳು. ಕಳ್ಳರ ಸಹವಾಸ ಸಾಕೆನಿಸಿ ಟೀಚರ್ ಆದೆ. ಬುದ್ಧಿವಂತಿಕೆಯ ಕೆಲಸವಲ್ಲ, ಬಿಡಿ. ಈಗ ಇಬ್ಬರೂ ಪೂರ್ವ ಲಂಡನ್ನಿನ ಒಂದು ಶಾಲೆಯಲ್ಲಿದ್ದೇವೆ. ಖಾಯಂ ಟೀಚರುಗಳು ಕೈಮುಗಿದು ಓಡಿಹೋದ ಕ್ಲಾಸುಗಳೆಲ್ಲ ನಮ್ಮ ಪಾಲಿಗೆ.

ಆರು ವಾರ ದುಡಿದರೆ ಒಂದು ರಜೆ. ಬೆಲ್ ಹೊಡೆದ ಕೂಡಲೇ ನಮ್ಮ ಕಡೆಯವರೆಲ್ಲ ಯುರೋಪಿನ ಮೇಲೆ ಮುಗಿಬೀಳುತ್ತೇವೆ. ನಮ್ಮೂರಿಂದ ಬರಲು ಒಂದು ಹಗಲು ಒಂದು ರಾತ್ರಿ ಬೇಕು. ಲಂಡನ್ನಿನಿಂದ ಎರಡೇ ಗಂಟೆ. ಬಿಡಲು ಮನಸ್ಸಾಗುವುದಾದರೂ ಹೇಗೆ? ಈ ಈಸ್ಟರಿಗೆ ಬೋಸ್ನಿಯಾ ನೋಡಿ ಮಾಂಟೆನೆಗ್ರೊ. ಗೈಡ್, ಡ್ರೈವರ್ ಬಿಟ್ಟರೆ ಬಸ್ಸಿನಲ್ಲಿ ಮೂವತ್ತೊಂಬತ್ತು ಜನ. ಒಬ್ಬೊಬ್ಬರೂ ಟೀಚರೇ.

ಆ ಬೆಳಿಗ್ಗೆ ಗೈಡ್ ಯಾಸ್ನಾ ಮೈಕ್ ಹಿಡಿದು ಕೂಗಿ ಕೂಗಿ ಸೋತಿದ್ದಳು. ಯಾರೂ ಕೇಳಲೊಲ್ಲರು. ಆಗ ನನ್ನ ಹಿಂದಿನ ಸೀಟಿನ ಮಾರ್ಗೊ, ಟಾಸ್ಮೇನಿಯಾದ ಆರಡಿ ಎತ್ತರದ ಪಿ.ಟಿ. ಟೀಚರ್, ಎದ್ದುನಿಂತು ಸುಮ್ಮನೆ ಒಂದು ಕೈ ಎತ್ತಿದಳು. ಅಷ್ಟೇ! ಕಂಡವರೆಲ್ಲ ಬಾಯಿ ಮುಚ್ಚಿ ತಾವೂ ಕೈ ಎತ್ತಿದರು. ನಮ್ಮ ಶಾಲೆಗಳ ರೂಢಿ ಅದು. ಟೀಚರ್ ಕೂಗುವುದಿಲ್ಲ, ಕೈ ಎತ್ತಿ ಕಾಯುತ್ತಾರೆ. ನೋಡಿದವರು ಮಾತು ನಿಲ್ಲಿಸಿ ಕೈ ಎತ್ತಬೇಕು.

"ಇದೇನು ಪ್ರಾರ್ಥನೆನಾ?" ಎಂದಿದ್ದಳು ಯಾಸ್ನಾ.

ಒಂದೂ ಹತ್ತಕ್ಕೆ ಊಟಕ್ಕೆಂದು ಬಸ್ಸು ನಿಂತಿತು. ಪೆಟ್ರೋಲ್ ಬಂಕ್, ಪಕ್ಕದಲ್ಲಿ ಹೋಟೆಲ್. ಹೋನೆಗೆ ಚಿಕ್ಕಂದಿನಿಂದ ಸಕ್ಕರೆ ಕಾಯಿಲೆ. ಇಳಿಯುವ ಮೊದಲು ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಂಡ.

"ಅಕ್ಕಾ, ನನಗೂ ಒಂದು ಪ್ಲೇಟ್ ಚೆವಾಪಿ ಹೇಳಿರು. ಟಾಯ್ಲೆಟ್‌ಗೆ ಹೋಗಿ ಬಂದೆ."

ಬರಲಿಲ್ಲ.

ಹೋಟೆಲಿನ ಕಿಟಕಿಯಿಂದ ನೋಡಿದರೆ ಬಸ್ಸಿನಲ್ಲಿ ಹಳದಿ ಜಾಕೆಟ್. ತಲೆಗೆ ಟೋಪಿ ಎಳೆದುಕೊಂಡು ಮಲಗಿತ್ತು. ನಾನು ಅವನ ಚೆವಾಪಿ, ಅಂದರೆ ರೊಟ್ಟಿ ಮತ್ತು ಸುಟ್ಟ ಮಾಂಸದ ಉಂಡೆ, ಕಟ್ಟಿಸಿಕೊಂಡು ಹತ್ತಿದೆ. ಬಸ್ಸು ಹೊರಟಿತು. ತಲೆ ಎಣಿಸಿದೆ. ಅದು ನಮ್ಮವರ ಚಟ, ರಜೆಯಲ್ಲೂ ಬಿಡುವುದಿಲ್ಲ. ಮೂವತ್ತೊಂಬತ್ತು. ಸರಿಯಿದೆ.

"ಇಂಜೆಕ್ಷನ್ ಚುಚ್ಕೊಂಡು ಮಲಗ್ತೀಯೇನೋ ಪೆದ್ದು? ಏಳು, ತಿನ್ನು," ಎನ್ನುತ್ತ ಅವನನ್ನು ದಾಟಿ ಕಿಟಕಿ ಪಕ್ಕ ಕೂತೆ.

ಆಗ ಅವನ ಕಾಲು ಕಂಡಿತು.

ಹಿಮ ಬಿದ್ದರೂ ಹೋನೆ ಹವಾಯಿ ಚಪ್ಪಲಿ ಬಿಟ್ಟವನಲ್ಲ. ಈ ಕಾಲಲ್ಲಿ ಕೆಸರು ಮೆತ್ತಿದ ಬೂಟುಗಳಿದ್ದವು...

"ಎಲ್ಲಿದ್ದಾನೆ ಅವನು?" ತುಟಿ ಅಲ್ಲಾಡಿಸದೆ ಕೇಳಿದೆ.

"ಬೀಗದೊಳಗೆ. ನನ್ನ ತಮ್ಮ ಕಾಯ್ತಿದ್ದಾನೆ. ನಾನು ಗಡಿ ದಾಟಿ ಫೋನ್ ಮಾಡಿದ್ರೆ ಬಾಗಿಲು ತೆಗೀತಾನೆ. ಇಲ್ಲೇ ಸಿಕ್ಕಿಬಿದ್ರೂ ಫೋನ್ ಮಾಡ್ತೀನಿ. ಆಗ ಬೇರೆ ಕೆಲಸ ಮಾಡ್ತಾನೆ."

ಬಲಗೈಯಲ್ಲಿ ಫೋನ್ ಹಿಡಿದಿದ್ದ. ಹೆಬ್ಬೆರಳು ಅದರ ಮೇಲೇ ಇತ್ತು. ಎಡಗೈ ಜೇಬಿನಲ್ಲಿ, ನನ್ನ ಪಕ್ಕೆಗೆ.

"ಗಡಿಯಲ್ಲಿ ಮುಖ ನೋಡಿದ್ರೆ?"

"ನೋಡಲ್ಲ. ಹದಿನೈದು ವರ್ಷ ಈ ದಾರೀಲಿ ಟೂರಿಸ್ಟ್ ಬಸ್ ಓಡಿಸಿದ್ದೀನಿ. ಗೈಡ್ ಪಾಸ್‌ಪೋರ್ಟ್ ಕಟ್ಟು ಕೊಡ್ತಾಳೆ. ಗಡಿ ಕಾವಲಿನವನು ಹತ್ತಿ ತಲೆ ಎಣಿಸ್ತಾನೆ. ಲೆಕ್ಕ ಸರಿ ಬಂದ್ರೆ ಇಳೀತಾನೆ."

ಯಾಸ್ನಾ ಪಾಸ್‌ಪೋರ್ಟುಗಳನ್ನು ಬೆಳಿಗ್ಗೆಯೇ ಒಟ್ಟುಮಾಡಿಕೊಂಡಿದ್ದಳು. ಹೋನೆಯದೂ ಅದರಲ್ಲಿತ್ತು. ಮೂವತ್ತೊಂಬತ್ತು ಪಾಸ್‌ಪೋರ್ಟ್, ಮೂವತ್ತೊಂಬತ್ತು ತಲೆ. ಆಸಾಮಿ ಪಳಗಿದವನು.

ಫೋನ್ ತೊಡೆಯ ಮೇಲಿಟ್ಟ. ಜಾಕೆಟ್ಟಿನ ಇನ್ನೊಂದು ಜೇಬಿಗೆ ಕೈ ಹಾಕಿ ಕೆಂಪು ಜೆಲ್ಲಿ ಮಿಠಾಯಿಯೊಂದನ್ನು ತೆಗೆದು ಬಾಯಿಗೆ ಹಾಕಿಕೊಂಡ. ಮತ್ತೆ ಫೋನ್ ಹಿಡಿದ.

"ನೀನು ತಿಂತಿರೋದು ಅವನ ಔಷಧಿ. ಇನ್ಸುಲಿನ್ ತಗೊಂಡಿದ್ದಾನೆ, ಊಟ ಮಾಡಿಲ್ಲ. ಇನ್ನೊಂದು ಗಂಟೆಯೊಳಗೆ ಏನಾದ್ರೂ ಸಿಹಿ ಒಳಗೆ ಹೋಗ್ಬೇಕು. ಇಲ್ದಿದ್ರೆ ಪ್ರಜ್ಞೆ ತಪ್ಪುತ್ತೆ. ಆಮೇಲೆ ಏಳಲ್ಲ."

ಅವನು ಅಗಿಯುವುದನ್ನು ನಿಲ್ಲಿಸಿದ. ಯೋಚಿಸಿದ. ಮತ್ತೆ ಅಗಿದ.

"ಹಾಗಿದ್ರೆ ಬಸ್ಸು ಬೇಗ ದಾಟ್ಲಿ ಅಂತ ಬೇಡ್ಕೋ."

ಬಸ್ಸು ಬೇಗ ದಾಟುವ ಹಾಗಿರಲಿಲ್ಲ. ಈಸ್ಟರ್ ರಜೆ... ಗಡಿಯಲ್ಲಿ ಬಸ್ಸುಗಳ ಸಾಲು! ಒಂದೂ ಐವತ್ತೈದು. ಮುಂದೆ ನಾಲ್ಕು ಬಸ್ಸು. ಎರಡಾಯಿತು. ಮೂರು ಬಸ್ಸು. ಎಲ್ಲೋ ಬೀಗ ಹಾಕಿದ ಕೋಣೆಯಲ್ಲಿ ಹೋನೆಯ ಕೈ ನಡುಗಲು ಶುರುವಾಗಿರುತ್ತದೆ, ಅಂಗಿ ಬೆವರಿನಲ್ಲಿ ತೊಯ್ದಿರುತ್ತದೆ. ಒಮ್ಮೆ ಸ್ಟಾಫ್ ರೂಮಿನಲ್ಲಿ ಅವನು ಹಾಗಾದದ್ದನ್ನು ನೋಡಿದ್ದೆ. ನನಗೆ ಹೆದರಿಕೆಯಾಯಿತು. ನನ್ನ ಪಕ್ಕೆಗಾಗಿ ಅಲ್ಲ.

ಯಾಸ್ನಾ ಸೀಟುಗಳ ನಡುವೆ ಬಂದಳು.

"ಹೋನೆ ಇನ್ನೂ ಮಲಗೇ ಇದ್ದಾನಾ?"

ಜೇಬು ಒತ್ತಿತು.

"ಹೂಂ, ಎಬ್ಬಿಸಬೇಡ. ಎದ್ರೆ ಹಾಡ್ತಾನೆ," ಎಂದೆ.

ಅವಳು ನಕ್ಕು ಹೋದಳು. ಟೋಪಿಯೊಳಗಿನ ಮುಖ ಅವಳು ಬಂದಾಗ ಇನ್ನಷ್ಟು ಕೆಳಗಿಳಿದದ್ದನ್ನು ಗಮನಿಸಿದೆ. ಇವನಿಗೆ ಪೊಲೀಸರಿಗಿಂತ ಯಾಸ್ನಾಳ ಭಯವೇ ಹೆಚ್ಚು. ಏಕೆ?

ಎರಡೂ ಐದಕ್ಕೆ ಕಾವಲಿನವನು ಹತ್ತಿದ. ದಪ್ಪ ಮನುಷ್ಯ, ಊಟ ತಡವಾದ ಮುಖ. ಪಾಸ್‌ಪೋರ್ಟ್ ಕಟ್ಟು ಹಿಡಿದು ಹಿಂದಿನ ಸೀಟಿನವರೆಗೂ ನಡೆದ. ಬೆರಳಲ್ಲಿ ಎಣಿಸುತ್ತ ವಾಪಸು ಬಂದ. ನಿಜವೇ, ಮುಖ ನೋಡುತ್ತಿರಲಿಲ್ಲ.

ಮೂವತ್ತೇಳು... ಮೂವತ್ತೆಂಟು... ಮೂವತ್ತೊಂಬತ್ತು.

ತಲೆಯಾಡಿಸಿ ಬಾಗಿಲ ಕಡೆ ಹೆಜ್ಜೆ ಹಾಕಿದ.

ನಾನು ಕೈ ಎತ್ತಿದೆ.

"ಏನಿದು? ಇಳಿಸು," ಪಕ್ಕದವನು ಬುಸುಗುಟ್ಟಿದ.

"ಟಾಯ್ಲೆಟ್‌ಗೆ ಅವಸರ."

"ಇಳಿಸು ಅಂದೆ."

ಇಳಿಸಲಿಲ್ಲ. ಎದುರು ನೋಡುತ್ತ ಕಾದೆ. ಅವನು ಅಲ್ಲೇ ಗುಂಡು ಹಾರಿಸಬಹುದಿತ್ತು. ಕೈ ಎತ್ತಿದ್ದಕ್ಕೆ ಯಾರಾದರೂ ಗುಂಡು ಹಾರಿಸುತ್ತಾರೆಯೇ? ಅಷ್ಟರ ಮೇಲೆ ಜೀವ ಪಣಕ್ಕಿಟ್ಟಿದ್ದೆ.

ಹಿಂದಿನ ಸೀಟಿನಲ್ಲಿ ಮಾರ್ಗೊ ಮಾತಾಡುತ್ತಿದ್ದಳು. ಅರ್ಧ ವಾಕ್ಯಕ್ಕೆ ನಿಂತಿತು. ಅವಳ ಕೈ ಮೇಲೆದ್ದದ್ದು ಕಿಟಕಿ ಗಾಜಿನಲ್ಲಿ ಕಂಡಿತು. ಅವಳ ಪಕ್ಕದವನದು ಎದ್ದಿತು. ಆಚೆ ಸಾಲಿನವರದು. ಮುಂದೆ ಹಾಡುತ್ತಿದ್ದವರು ತಿರುಗಿ ನೋಡಿದರು, ಹಾಡು ನಿಂತಿತು, ಅವರದೂ ಎದ್ದಿತು. ಏಕೆಂದು ಯಾರೂ ಕೇಳಲಿಲ್ಲ. ಟೀಚರುಗಳು ಕೇಳುವುದಿಲ್ಲ.

ಬಸ್ಸು ಸ್ತಬ್ಧ!

ಆ ಮೌನಕ್ಕೆ ಕಾವಲಿನವನು ತಿರುಗಿದ. ಮೂವತ್ತೆಂಟು ಕೈ ಮೇಲೆ. ಒಂದು ಕೆಳಗೆ.

"ಏನಾಗಿದೆ ಇವರಿಗೆ?"

"ಮೇಷ್ಟ್ರುಗಳು," ಎಂದಳು ಯಾಸ್ನಾ. ಅವಳ ಕಣ್ಣು ಆಗಲೇ ನಮ್ಮ ಸೀಟಿನ ಮೇಲಿತ್ತು. ಎಲ್ಲರ ಕಣ್ಣೂ ಅಲ್ಲೇ ಇತ್ತು. ಕೈ ಎತ್ತದವನನ್ನು ಹುಡುಕಿ ದಿಟ್ಟಿಸುವುದು ನಮ್ಮ ಇನ್ನೊಂದು ಚಟ.

"ಹೋನೆ," ಮಾರ್ಗೊ ಹೇಳಿದಳು. ಮೂವತ್ತು ವರ್ಷ ಮೈದಾನದಲ್ಲಿ ಪಳಗಿದ ದನಿ. "ಎಲ್ರೂ ನಿನಗೋಸ್ಕರ ಕಾಯ್ತಿದ್ದೀವಿ."

ಅವನ ಎರಡೂ ಕೈಗೆ ಕೆಲಸವಿತ್ತು. ಅದೇ ಅವನ ತೊಂದರೆ.

ಕಾವಲಿನವನು ಹತ್ತಿರ ಬಂದ. "ನೀನು. ಕೈ."

ಬಲಗೈ ಮೇಲೆದ್ದಿತು, ಫೋನ್ ಸಮೇತ.

"ಕ್ಲಾಸಲ್ಲಿ ಫೋನ್ ಇಲ್ಲ," ಎಂದಳು ಮಾರ್ಗೊ. ಹಿಂದಿನಿಂದ ಕೈ ಚಾಚಿ ಅದನ್ನು ಕಿತ್ತುಕೊಂಡಳು.

ಅದೇ ಕ್ಷಣ!

ನಾನು ಎರಡೂ ಕೈಯಲ್ಲಿ ಜೇಬಿನ ಮಣಿಕಟ್ಟು ಹಿಡಿದು ಕೆಳಕ್ಕೆ ತಿರುಚಿದೆ. ಅವನ ಮೊಣಕೈ ನನ್ನ ಬಾಯಿಗೆ ಬಡಿಯಿತು. ಹಲ್ಲೊಂದು ಹೋಯಿತು. ಬಿಡಲಿಲ್ಲ. ಮಾರ್ಗೊ ಅವನ ಕತ್ತಿಗೆ ತೋಳು ಹಾಕಿ ಸೀಟಿಗೆ ಬಿಗಿದಳು. ಜೇಬು ಹರಿಯಿತು. ಒಳಗಿದ್ದದ್ದು ನೆಲಕ್ಕೆ ಬಿತ್ತು.

ಗೇಣುದ್ದದ ಮರದ ತುಂಡು. ತುದಿಗೆ ತಂತಿ. ತಂತಿಯಲ್ಲಿ ಒಂದು ಕೀಲಿಕೈ.

ಗಿರಾಕಿಗಳು ಮರೆತು ಒಯ್ಯಬಾರದೆಂದು ಹೋಟೆಲಿನವರು ಟಾಯ್ಲೆಟ್ ಕೀಲಿಕೈಗೆ ಕಟ್ಟುತ್ತಾರಲ್ಲ, ಅದು. ಹನ್ನೆರಡು ವರ್ಷದ ಪೊಲೀಸ್ ಅನುಭವ... ಮೂವತ್ತೈದು ನಿಮಿಷ ಟಾಯ್ಲೆಟ್ ಕೀಲಿಕೈಗೆ ಹೆದರಿ ಕೂತಿದ್ದೆ!

ಟೋಪಿ ಜಾರಿತು. ಯಾಸ್ನಾಳ ಮುಖ ಬಿಳಿಚಿಕೊಂಡಿತು.

"ಮಿಲೆಂಕೊ... ಇವನ ಜೊತೆ ನಾಲ್ಕು ವರ್ಷ ಕೆಲಸ ಮಾಡಿದ್ದೀನಿ. ಹೋದ ವಾರ ಹೆಂಡ್ತಿಯ ಅಣ್ಣನ್ನ ಕೊಂದು ಓಡಿಹೋದೋನು ಇವನೇ."

ಕಾವಲಿನವನ ಕೈಗೆ ಪಿಸ್ತೂಲು ಬಂತು. ಇದು ನಿಜವಾದದ್ದು.

"ಇವನ ತಮ್ಮ ಹೋನೆನ ಕಾಯ್ತಿದ್ದಾನೆ," ರಕ್ತ ಉಗಿಯುತ್ತ ಹೇಳಿದೆ.

"ಇವನಿಗೆ ತಮ್ಮನೇ ಇಲ್ಲ," ಎಂದಳು ಯಾಸ್ನಾ.

ಗಡಿ ದಾಟಿದ್ದರೆ ಯಾರೂ ಯಾರಿಗೂ ಫೋನ್ ಮಾಡುತ್ತಿರಲಿಲ್ಲ. ಆ ಬಾಗಿಲನ್ನು ಯಾರೂ ತೆಗೆಯುತ್ತಿರಲಿಲ್ಲ.

ಪೊಲೀಸ್ ಜೀಪು. ಬಂದ ದಾರಿಯಲ್ಲೇ ವಾಪಸು. ತಿರುವುಗಳಲ್ಲಿ ಚಕ್ರ ಕಿರುಚುತ್ತಿತ್ತು. ಯಾಸ್ನಾ ಹೋಟೆಲಿನವರ ಜೊತೆ ಫೋನಿನಲ್ಲಿದ್ದಳು.

"ಹಿಂದ್ಗಡೆ ಒಂದು ಹಳೇ ಟಾಯ್ಲೆಟ್ ಇದೆಯಂತೆ. ಕಬ್ಬಿಣದ ಬಾಗಿಲು. ಹಾರೆ ಹಾಕಿ ಮೀಟ್ತಿದ್ದಾರೆ, ಬರ್ತಿಲ್ಲ."

"ಒಳಗಿಂದ ದನಿ?"

ಅವಳು ಕೇಳಿದಳು. ತಲೆಯಾಡಿಸಿದಳು. ಇಲ್ಲ.

ಎರಡೂ ಇಪ್ಪತ್ತಾರು. ಆ ಬಾಗಿಲಿಗೆ ಹಾಕಿದ ಕೀಲಿಕೈ ಎರಡು ಸಲ ತಪ್ಪಿತು. ಮೂರನೆಯ ಸಲ ತಿರುಗಿತು.

ಹೋನೆ ನೆಲದ ಮೇಲೆ ಮುದುರಿ ಬಿದ್ದಿದ್ದ. ಕೈಗೆ ತಂತಿ, ಬಾಯಿಗೆ ಟೇಪು. ಮೈಯೆಲ್ಲ ಒದ್ದೆ. ಕಣ್ಣು ಅರ್ಧ ತೆರೆದಿತ್ತು, ಏನನ್ನೂ ನೋಡುತ್ತಿರಲಿಲ್ಲ. ಟೇಪು ಕಿತ್ತೆ. ಹೋಟೆಲಿನವನು ಜೇನಿನ ಬಾಟಲಿ ಹಿಡಿದು ಓಡಿಬಂದ. ಹೋನೆಯನ್ನು ಮಗ್ಗುಲಿಗೆ ಹೊರಳಿಸಿ, ಬೆರಳಿಗೆ ಜೇನು ಹಚ್ಚಿ ಕೆನ್ನೆಯೊಳಗೆ, ಒಸಡಿಗೆ ತಿಕ್ಕಿದೆ. ಮತ್ತೆ ತಿಕ್ಕಿದೆ. ಒಂದು ನಿಮಿಷ. ಮೂರು ನಿಮಿಷ. ಆರು...

ಅಳು ಬಂತು. ಅತ್ತೆ. ಹೇಳಲು ನಾಚಿಕೆಯೇನಿಲ್ಲ.

ನನ್ನ ಬೆರಳನ್ನು ಅವನ ನಾಲಗೆ ಮುಟ್ಟಿತು.

"ಅಕ್ಕಾ..."

"ಇದ್ದೀನಿ ಕಣೋ."

"ನನ್ನ ಚೆವಾಪಿ?"

"ಬಸ್ಸಲ್ಲಿದೆ. ತಣ್ಣಗಾಗಿದೆ."

"ಬಿಸಿ ಮಾಡ್ಸು," ಎಂದು ಕಣ್ಣು ಮುಚ್ಚಿದ. ಅಷ್ಟರಲ್ಲಿ ಆಂಬುಲೆನ್ಸ್ ಬಂತು.

ರಜೆ ಮುಗಿದು ಸೋಮವಾರ ಬಂತು. ಪೂರ್ವ ಲಂಡನ್, ಒಂಬತ್ತನೇ ತರಗತಿ, ಸಿ ವಿಭಾಗ. ಇಬ್ಬರು ಬೆಂಚಿನ ಮೇಲೆ ನಿಂತು ಹೊಡೆದಾಡುತ್ತಿದ್ದರು. ಒಬ್ಬಳು ಕಿಟಕಿಯಿಂದ ಅರ್ಧ ಹೊರಗಿದ್ದಳು. ಉಳಿದವರು ಕೂಗುತ್ತಿದ್ದರು.

ನಾನು ಕೈ ಎತ್ತಿದೆ. ಕಾದೆ. ಒಂದು ನಿಮಿಷ. ಐದು ನಿಮಿಷ.

ಒಂದು ಕೈಯೂ ಏಳಲಿಲ್ಲ.

ಆ ಬಸ್ಸಿನಲ್ಲಿ ಇವರು ಕೂತಿದ್ದರೆ ಹೋನೆ ಇವತ್ತಿಗೂ ಆ ಕಬ್ಬಿಣದ ಬಾಗಿಲ ಹಿಂದೆಯೇ ಇರುತ್ತಿದ್ದ.