ಮೂರನೇ ಮಹಡಿಗೆ ನೀರಿಲ್ಲ

ಗೂಳಿ ಹೊರಗಿನಿಂದ ಅಗುಳಿ ಹಾಕಿದ.

ಮೊದಲು ನನಗೆ ಅರ್ಥವೇ ಆಗಲಿಲ್ಲ. ಮಧ್ಯಾಹ್ನ ಹನ್ನೆರಡು ಗಂಟೆ. ನೆಲಮಾಳಿಗೆಯ ಪಂಪ್ ರೂಮು. ಜಾಲರಿ ಬಾಗಿಲಿನ ಆಚೆ ಅವನು, ಎಲ್ಲರೂ ಗೂಳಿ ಎಂದು ಕರೆಯುವ ಕಟ್ಟಡದ ಉಸ್ತುವಾರಿಯವನು; ಈಚೆ ನಾನು. ಅವನ ಎಡಗೈಯಲ್ಲಿ ನನ್ನ ಬ್ಯಾಗು, ಫೋನು. ಬಲಗೈಯಲ್ಲಿ ಮೊಳದುದ್ದದ ಪೈಪ್ ರೆಂಚು.

ರೆಂಚಿನಿಂದ ಜಾಲರಿಯನ್ನು ಒಮ್ಮೆ ಕುಟ್ಟಿದ. ಇಡೀ ರೂಮು ನಡುಗಿತು.

"ಕೂತ್ಕೊಳ್ಳಿ ಮೇಡಂ. ಅರ್ಧ ಗಂಟೆ. ಆಮೇಲೆ ಸಹಿ ಹಾಕಿ, ಹೋಗ್ತಾ ಇರಿ."

ಕುರ್ಚಿ ಇರಲಿಲ್ಲ. ನೆಲದ ಮೇಲೆ ಕೂತೆ.

ನನ್ನ ಕೆಲಸ ಏನೆಂದು ಹೇಳಿಬಿಡುತ್ತೇನೆ. ಮನೆಗಳ ಸೀಲಿಂಗಿನಲ್ಲಿ ಸ್ಪ್ರಿಂಕ್ಲರ್ ಇರುತ್ತದಲ್ಲ, ಬೆಂಕಿಯ ಬಿಸಿ ತಾಗಿದರೆ ಗಾಜಿನ ಗುಳಿಗೆ ಒಡೆದು ನೀರು ಸುರಿಯುವಂಥದ್ದು, ಅದನ್ನು ಪರೀಕ್ಷೆ ಮಾಡುವವಳು ನಾನು. ಡಿಗ್ರಿ ಮುಗಿಸಿ ಈ ಕೆಲಸ ಹಿಡಿದಾಗ ಮನೆಯಲ್ಲಿ ನಕ್ಕರು. ನಾಲ್ಕು ಜನರ ಎದುರು ಬಾಯಿ ಬಿಡದವಳು ಕಂಟ್ರಾಕ್ಟರುಗಳ ಹತ್ತಿರ ಜಗಳ ಆಡುತ್ತಾಳಂತೆ ಎಂದರು. ಜಗಳ ಆಡುವುದಿಲ್ಲ. ಬರೆಯುತ್ತೇನೆ. ಹೇಳಲಾಗದ್ದನ್ನೆಲ್ಲ ಬರೆದಿಡುವುದು ಚಿಕ್ಕಂದಿನ ಚಾಳಿ.

ಐದು ಮಹಡಿಯ ಕಟ್ಟಡ. ಇಪ್ಪತ್ತು ಸಂಸಾರ ಆಗಲೇ ಬಂದು ಕೂತಿದ್ದವು. ನನ್ನ ಸಹಿ ಬೀಳದಿದ್ದರೆ ಎಲ್ಲರೂ ಖಾಲಿ ಮಾಡಬೇಕು.

ಗೂಳಿ ಮೀಟರು ತೋರಿಸಿದ್ದ. ಮುಳ್ಳು ಏಳರ ಮೇಲೆ ಗಟ್ಟಿಯಾಗಿ ನಿಂತಿತ್ತು. ಒತ್ತಡ ಸರಿಯಾಗಿದೆ. ಆದರೆ ಆ ಮೀಟರು ಇದ್ದದ್ದು ಪಂಪಿಗೂ ಮುಖ್ಯ ವಾಲ್ವಿಗೂ ನಡುವೆ. ವಾಲ್ವಿನಿಂದಾಚೆ, ಮನೆಗಳ ಕಡೆ ಹತ್ತುವ ಕೆಂಪು ಪೈಪನ್ನು ಪೆನ್ನಿನಿಂದ ತಟ್ಟಿದೆ.

ಠಣ್ ಎಂದಿತು.

ತುಂಬಿದ ಕೊಡ ತುಳುಕುವುದಿಲ್ಲ. ತುಂಬಿದ ಪೈಪೂ ಅಷ್ಟೇ, ತಟ್ಟಿದರೆ ದಪ್ಪ ದನಿಯಲ್ಲಿ 'ಹೂಂ' ಅನ್ನುತ್ತದೆ. ಇದು ಗಂಟೆಯಂತೆ ಬಾರಿಸಿತು. ಖಾಲಿ! ವಾಲ್ವು ಮುಚ್ಚಿತ್ತು. ಅದರ ಹಿಡಿಯೇ ಇರಲಿಲ್ಲ, ಬೋಳು ಕಡ್ಡಿ ಮಾತ್ರ ಎದ್ದು ನಿಂತಿತ್ತು. ಮೇಲೆ ನೀರಿಲ್ಲ ಎಂದೆ. ಅಷ್ಟಕ್ಕೇ ಅಗುಳಿ ಬಿತ್ತು.

ಗೂಳಿ ಫೋನಿನಲ್ಲಿ ಕಂಟ್ರಾಕ್ಟರಿಗೆ ವರದಿ ಒಪ್ಪಿಸಿದ. ಕಂಟ್ರಾಕ್ಟರ್ ಅವನ ಸೋದರಮಾವ. ಸ್ಪೀಕರಿನಲ್ಲಿ ಬಂದ ದನಿ ಬೆಣ್ಣೆಯಂತಿತ್ತು. ನೀನು ನನ್ನ ಮಗಳ ಹಾಗೆ, ಸಣ್ಣ ರಿಪೇರಿ ನಡೆಯುತ್ತಿದೆ, ಮುಗಿದ ಕೂಡಲೇ ನೀರು ಬಿಡುತ್ತೇವೆ, ಸುಮ್ಮನೆ ದೊಡ್ಡದು ಮಾಡಬೇಡ ಎಂದ. ಆಮೇಲೆ ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ಸೇರಿಸಿದ:

"ಒಬ್ಬಳೇ ಓಡಾಡೋ ಹುಡುಗಿ. ಹುಷಾರಾಗಿರ್ಬೇಕು ನೋಡು."

ನಾನು ವಾಲ್ವಿನ ಬೋಳು ಕಡ್ಡಿಯತ್ತ ತಿರುಗಿದೆ.

ವಾಲ್ವಿನ ಹಿಡಿ ಎಲ್ಲಿ ಹೋಗಿದೆ ಎಂದು ನನಗೆ ಗೊತ್ತಿತ್ತು. ಪೈಪಿನವರ ಕಟ್ಟಳೆ ಅದು. ವಾಲ್ವು ಮುಚ್ಚಿ ಪೈಪು ಬಿಚ್ಚುವವನು ಹಿಡಿಯನ್ನು ಕಿತ್ತು ತನ್ನ ಜೇಬಿಗೆ ಹಾಕಿಕೊಳ್ಳುತ್ತಾನೆ. ತಾನು ಮೇಲೆ ಕೆಲಸ ಮಾಡುವಾಗ ಕೆಳಗೆ ಯಾರೂ ನೀರು ಬಿಡಬಾರದಲ್ಲ. ಒಳ್ಳೆಯ ಕಟ್ಟಳೆ. ನೂರರಲ್ಲಿ ತೊಂಬತ್ತೊಂಬತ್ತು ದಿನ.

ಅಂದರೆ ಮೇಲೆಲ್ಲೋ ಪೈಪು ಬಾಯಿ ತೆರೆದಿದೆ. ಪೈಪು ಜೋಡಿಸುವ ಫಿಟ್ಟರ್ ವೆಲ್ಡಿಂಗ್ ಮಾಡುತ್ತಿರಬೇಕು; ಕಬ್ಬಿಣದ ಪೈಪಿನ ರಿಪೇರಿ ಎಂದರೆ ಅದೇ. ಕಿಡಿ ಹಾರುವ ಕೆಲಸ... ಇಪ್ಪತ್ತು ಸಂಸಾರದ ನೆತ್ತಿಯ ಮೇಲೆ ಹನಿ ನೀರಿಲ್ಲದ ಹೊತ್ತಿನಲ್ಲಿ!

ಇದನ್ನು ಗೂಳಿಗೆ ಹೇಳಬೇಕು ಎಂದುಕೊಂಡೆ. ಮನಸ್ಸಿನಲ್ಲೇ ಮಾತು ಜೋಡಿಸತೊಡಗಿದೆ. ಅಷ್ಟರಲ್ಲಿ ಗೋಡೆಯ ಫೈರ್ ಅಲಾರಂ ಪೆಟ್ಟಿಗೆಯಲ್ಲಿ ಕೆಂಪು ದೀಪ ಹತ್ತಿತು.

ಮೂರನೇ ಮಹಡಿ. ಹೊಗೆ.

ವೆಲ್ಡಿಂಗ್ ಹೊಗೆ ಇರಬೇಕು ಬಿಡಿ ಎಂದ ಗೂಳಿ. ಪಕ್ಕದಲ್ಲಿ ಇನ್ನೊಂದು ದೀಪ ಹತ್ತಿತು. ಆಗ ಅವನ ಫೋನು ಬಡಿದುಕೊಂಡಿತು. ಫಿಟ್ಟರು. ಕೆಮ್ಮಿನ ನಡುವೆ ತುಂಡು ತುಂಡಾಗಿ ಬಂದದ್ದು ಇಷ್ಟು: ಕಿಡಿ ಸೋಫಾ ಮೇಲೆ ಬಿತ್ತು, ಸ್ಪಂಜು ಹತ್ತಿಕೊಂಡಿತು, ಹಾಲ್ ತುಂಬ ಹೊಗೆ, ಒಳಗಿನ ಕೋಣೆಯಲ್ಲಿ ಅಜ್ಜಿ.

ಗೂಳಿಯ ಮುಖ ಸುಣ್ಣವಾಯಿತು.

"ನಮ್ಮಜ್ಜಿ," ಎಂದ. "ಮಾವನ ಅಮ್ಮ."

ಅಂದರೆ ಪೈಪು ಸೋರುತ್ತಿದ್ದದ್ದು ಕಂಟ್ರಾಕ್ಟರನ ತಾಯಿಯ ಮನೆಯ ಸೀಲಿಂಗಿನಲ್ಲೇ. ಪರೀಕ್ಷೆ ಮಾಡುವವಳ ಕಣ್ಣಿಗೆ ಬೀಳದಿರಲಿ ಎಂದು, ನಾನು ಕೆಳಗಿರುವಾಗಲೇ ಗುಟ್ಟಾಗಿ ಬೆಸುಗೆ ಹಾಕಿಸುತ್ತಿದ್ದ.

"ಬಾಗಿಲು ತೆಗೀರಿ," ಎಂದೆ. ನನ್ನ ದನಿ ನನಗೇ ಹೊಸದು.

"ಹಿಡಿ ಮೇಲಿದೆ ಮೇಡಂ. ಅವನ ಜೇಬಲ್ಲಿ."

"ನಿಮ್ಮ ಕೈಲೇನಿದೆ?"

ರೆಂಚನ್ನು ಮೊದಲ ಸಲ ಕಂಡವನಂತೆ ನೋಡಿದ. ಆದರೂ ಅಗುಳಿಗೆ ಕೈ ಹಾಕಲಿಲ್ಲ. ಮಾವನಿಗೆ ಫೋನು ಮಾಡಿದ! ಬೆಂಕಿ ಬಿದ್ದಾಗ ಬಾವಿ ತೋಡುವವರನ್ನು ಕೇಳಿದ್ದೆ. ತೋಡಲು ಅಪ್ಪಣೆ ಕೇಳುವವನನ್ನು ಕಂಡದ್ದು ಅಂದೇ.

ನೀರು ಬಿಟ್ಟರೆ ಬಿಚ್ಚಿದ ಜಾಗದಿಂದ ಮನೆಯೆಲ್ಲ ಹೊಳೆಯಾಗುತ್ತದೆ, ಹೊಸ ಸೀಲಿಂಗು ಹಾಳು, ಬಕೆಟ್ಟಿನಲ್ಲಿ ಆರಿಸಿ ಎಂದು ಕಂಟ್ರಾಕ್ಟರ್ ಶುರು ಮಾಡಿದ. ಅರ್ಧಕ್ಕೇ ನಿಂತ.

"ಅಮ್ಮನ್ನ ಕೆಳಗೆ ಕರ್ಕೊಂಡು ಬಂದಿದೀಯ ತಾನೆ?"

"ಮಲಗಿದ್ರು ಮಾವ... ಎಬ್ಬಿಸ್ಲಿಲ್ಲ."

 ಆ ಕಡೆಯಿಂದ ಒಂದು ಕೂಗು. ಅದರಲ್ಲಿ ಬೆಣ್ಣೆ ಇರಲಿಲ್ಲ.

ಅಗುಳಿ ಸರಿಯಿತು.

ರೆಂಚನ್ನು ನಾನೇ ಕಸಿದುಕೊಂಡೆ. ಬೋಳು ಕಡ್ಡಿಗೆ ಅದರ ಹಲ್ಲು ಕಚ್ಚಿಸಿ ಎಳೆದೆ. ಜಾರಿತು. ಬೆರಳ ಗೆಣ್ಣು ಸುಲಿಯಿತು. ಮತ್ತೆ ಕಚ್ಚಿಸಿದೆ. ಗೂಳಿಯ ದೊಡ್ಡ ಕೈ ನನ್ನ ಕೈಮೇಲೆ ಬಂತು. ಸ್ವಲ್ಪ ಹೊತ್ತಿನ ಹಿಂದೆ ಆ ಕೈಗೆ ಹೆದರಿ ನೆಲದ ಮೇಲೆ ಕೂತವಳು ನಾನು... ಈಗ ಜೋರಾಗಿ ಎಳೀರಿ ಎಂದು ಅವನಿಗೇ ಗದರುತ್ತಿದ್ದೆ. ಕಡ್ಡಿ ಕಿರುಗುಟ್ಟಿ ಕಾಲು ಸುತ್ತು ತಿರುಗಿತು; ಆ ವಾಲ್ವಿಗೆ ಅಷ್ಟು ಸಾಕು.

ಪಂಪು ಗುಡುಗಿತು. ನೀರು ಏರುವ ಸದ್ದು ಮಹಡಿ ಮಹಡಿಯಾಗಿ ದೂರ ಹೋಯಿತು.

ಮೆಟ್ಟಿಲು ಓಡಿದೆವು. ಎರಡನೇ ಮಹಡಿಯಲ್ಲೇ ಕಪ್ಪು ನೀರು ಎದುರು ಬಂತು. ಮೂರನೆಯದರ ಮೆಟ್ಟಿಲಲ್ಲಿ ಫಿಟ್ಟರ್ ಕೂತು ಅಳುತ್ತಿದ್ದ. ಮನೆಯೊಳಗೆ ಬಿಚ್ಚಿದ ಪೈಪಿನಿಂದ ನೀರು ಧೋ ಎಂದು ಸೋಫಾ ಮೇಲೆ ಸುರಿಯುತ್ತಿತ್ತು. ಬೆಂಕಿ ಸತ್ತಿತ್ತು. ಹೊಗೆ ಸತ್ತಿರಲಿಲ್ಲ. ಗೂಳಿ ಅಜ್ಜೀ ಎಂದು ಕರೆಯುತ್ತ ಮಂಡಿಯೂರಿ ಒಳಗೆ ನುಗ್ಗಿದ.

ನಾನು ಹೊಸ್ತಿಲಲ್ಲಿ ನಿಂತು ಎಣಿಸಿದೆ. ಹೆದರಿಕೆಯಾದಾಗ ಎಣಿಸುತ್ತೇನೆ. ನಲವತ್ತಕ್ಕೆ ಕೆಮ್ಮು ಕೇಳಿಸಿತು. ಐವತ್ತೆರಡಕ್ಕೆ ಹೊರಗೆ ಬಂದ, ಹೆಗಲ ಮೇಲೆ ಅಜ್ಜಿ. ಮೊಮ್ಮಗನನ್ನು ಬಾಯಿಗೆ ಬಂದಂತೆ ಬಯ್ಯುತ್ತಿದ್ದರು. ಬದುಕಿದ್ದರು.

ಕಂಟ್ರಾಕ್ಟರ್ ಬಂದಾಗ ಎಲ್ಲರೂ ಗೇಟಿನ ಹತ್ತಿರ ನಿಂತಿದ್ದೆವು. ತಾಯಿಯ ಕೈ ಮುಟ್ಟಿ ನೋಡಿದ, ಕಾಲು ಮುಟ್ಟಿ ನೋಡಿದ. ಕಣ್ಣೊರೆಸಿಕೊಂಡ. ಆಮೇಲೆ ನನ್ನ ಕಡೆ ತಿರುಗಿದ.

"ನೀರು ಬಂತಲ್ಲಮ್ಮ. ಪಾಸು ತಾನೆ?"

 ಪಂಪ್ ರೂಮಿನಿಂದ ವಾಪಸು ತಂದುಕೊಂಡಿದ್ದ ಬ್ಯಾಗಿನಿಂದ ಫಾರಂ ತೆಗೆದು ಬರೆದೆ. ವಾಲ್ವು ಯಾರ ಮಾತಿನ ಮೇಲೆ ಮುಚ್ಚಿತ್ತು, ಯಾರನ್ನು ಎಲ್ಲಿ ಕೂಡಿಹಾಕಿದ್ದರು, ಎಲ್ಲ. ಕೆಳಗೆ ಫೇಲ್ ಎಂದು ಬರೆದೆ. ಗೆಣ್ಣು ಸುಲಿದಿದ್ದರಿಂದ ಅಕ್ಷರ ಸೊಟ್ಟಗಾಯಿತು. ಓದಲು ಬರುತ್ತದೆ, ಸಾಕು.

ಇದಕ್ಕೆ ಇಲ್ಲಿ ವಾಸ ಇರೋರೊಬ್ಬರ ಸಾಕ್ಷಿ ಸಹಿ ಬೇಕು, ಯಾರು ಹಾಕ್ತಾರೋ ನೋಡೋಣ ಎಂದ ಅವನು ಮೆಲ್ಲಗೆ. ನೆರೆದವರೆಲ್ಲ ನೆಲ ನೋಡಿದರು.

ಒದ್ದೆ ಹೊದಿಕೆಯೊಳಗಿಂದ ಒಂದು ಕೈ ಚಾಚಿತು.

"ಇಲ್ಲಿ ಕೊಡಮ್ಮ. ಮೊದ್ಲು ಓದಿ ಹೇಳು."

ಓದಿದೆ. ಅಷ್ಟು ಜನರ ಎದುರು, ಜೋರಾಗಿ. ಅಜ್ಜಿ ಕೊನೆಯವರೆಗೂ ಕೇಳಿದರು. ಮಗನ ಮುಖ ನೋಡಲಿಲ್ಲ. ನನಗೆ ಬರೆಯಲು ಬಾರದು, ಹೆಬ್ಬೆಟ್ಟು ಒತ್ತುತ್ತೇನೆ ಎಂದರು.

ಇಂಕ್ ಪ್ಯಾಡ್ ಹುಡುಕಬೇಕಾಗಲಿಲ್ಲ. ಹೆಬ್ಬೆರಳು ಹೊಗೆಯ ಮಸಿ ಹಿಡಿದು ಆಗಲೇ ಕಪ್ಪಗಿತ್ತು. ಹಚ್ಚಿದವನು ಮಗನೇ.