ಹದಿನೇಳನೇ ನಂಬರಿನ ಪ್ಯಾಕೆಟ್

"ಈ ಪ್ಯಾಕೆಟ್ ಯಾರದ್ದು?"

ಸೈನ್ಸ್ ಮಿಸ್ ಚಿಪ್ಸ್ ಪ್ಯಾಕೆಟ್ಟಿನ ಮೂಲೆಯನ್ನು ಎರಡೇ ಬೆರಳಲ್ಲಿ ಹಿಡಿದು, ಸತ್ತ ಇಲಿಯನ್ನು ಬಾಲ ಹಿಡಿದು ಎತ್ತಿದ ಹಾಗೆ ಎತ್ತಿ ತೋರಿಸಿದರು. ಕೇಳುವ ಅಗತ್ಯವೇ ಇರಲಿಲ್ಲ. ಅದರ ಮೇಲೆ ಕಪ್ಪು ಮಾರ್ಕರಿನಲ್ಲಿ ದಪ್ಪಗೆ 17 ಎಂದು ಬರೆದಿತ್ತು. ಶಾಲೆಯಲ್ಲಿ ಏನೂ ಕಳೆದುಹೋಗಬಾರದೆಂದು ಅಪ್ಪ ಪೆನ್ಸಿಲ್ಲಿನಿಂದ ಹಿಡಿದು ಸಾಕ್ಸಿನವರೆಗೆ ಎಲ್ಲದರ ಮೇಲೂ ಮಗಳ ರೋಲ್ ನಂಬರ್ ಬರೆಯುತ್ತಿದ್ದ.

ಮೆಣಸು ಎದ್ದು ನಿಂತಳು.

ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರು ಮೆಣಸು ಅಂತ ಕರೆಯತೊಡಗಿದ್ದರು. ಆ ಹೆಸರು ಹೇಗೋ ಶಾಲೆಗೂ ಬಂದು ಸೇರಿಕೊಂಡಿತ್ತು.

"ಈ ವಾರ ಇದು ನಾಲ್ಕನೇ ಸಲ," ಎಂದರು ಮಿಸ್. ಗೋಡೆಯ ಮೇಲೆ 'ನನ್ನ ತಿಂಡಿ ಡಬ್ಬಿ' ಎಂಬ ದೊಡ್ಡ ಚಾರ್ಟ್ ಇತ್ತು. ಹಣ್ಣು, ತರಕಾರಿ, ಕಾಳು ತಂದವರ ಹೆಸರಿನ ಮುಂದೆ ಹಸಿರು ಚುಕ್ಕಿ. ಪ್ಯಾಕೆಟ್ ತಂದವರಿಗೆ ಕೆಂಪು ಚುಕ್ಕಿ, ಜೊತೆಗೆ ಪ್ಯಾಕೆಟ್ ಸ್ಟಾಫ್ ರೂಮಿನ ರಟ್ಟಿನ ಡಬ್ಬಕ್ಕೆ. ಮಿಸ್ ಕೆಂಪು ಚುಕ್ಕಿಯೊಂದನ್ನು ಅಂಟಿಸಿ, ಹೆಬ್ಬೆರಳಿನಿಂದ ಒತ್ತಿದರು.

"ಅಲ್ಲಮ್ಮ, ಮನೇಲಿ ನಿಮ್ಮಮ್ಮಂಗೆ ಒಂದು ಹಣ್ಣು ಹೆಚ್ಚಿಕೊಡೋಕೂ ಟೈಮ್ ಇರಲ್ವಾ?"

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಕ್ಲಾಸು ನಕ್ಕಿತು. ಮೆಣಸಿನ ಕಿವಿ ಬಿಸಿಯಾಯಿತು. ಏನೋ ಹೇಳಬೇಕೆಂದು ಬಾಯಿ ತೆರೆದಳು. ಮಾತು ಗಂಟಲಲ್ಲೇ ಸಿಕ್ಕಿಕೊಂಡಿತು.

ಅವಳ ಪಕ್ಕ ಕೂರುವ, ಎಲ್ಲರೂ ಉದ್ದಜಡೆ ಎಂದೇ ಕರೆಯುವ ಹುಡುಗಿಯ ಹೆಸರಿನ ಮುಂದೆ ಸಾಲಾಗಿ ಹಸಿರು ಚುಕ್ಕಿಗಳು. ಅವಳ ಡಬ್ಬಿಯಲ್ಲಿ ದಿನಾ ಹೂವಿನ ಹಾಗೆ ಕತ್ತರಿಸಿದ ಕ್ಯಾರೆಟ್, ನಕ್ಷತ್ರದ ಹಾಗೆ ಕತ್ತರಿಸಿದ ಸೌತೆಕಾಯಿ. ಮಿಸ್ ನೋಡಿ ಮುಂದೆ ಹೋದ ತಕ್ಷಣ ಆ ಹೂವು, ನಕ್ಷತ್ರಗಳೆಲ್ಲ ಕಿಟಕಿಯಾಚೆಯ ಪೊದೆಗೆ ಬೀಳುತ್ತಿದ್ದವು. ಚಿಪ್ಸ್ ಮಿಸ್ ಕಣ್ಣಿಗೆ ಬೀಳದೆ ಉಳಿದ ದಿನ ಉದ್ದಜಡೆ ಬೆಂಚಿನ ಕೆಳಗೆ ಕೈಚಾಚಿ, "ನಂಗೂ ಎರಡು ಚಿಪ್ಸ್ ಕೊಡೇ" ಎನ್ನುತ್ತಿದ್ದಳು.

ಎರಡಲ್ಲ, ಅರ್ಧ ಪ್ಯಾಕೆಟ್ ಅವಳೇ ತಿನ್ನುತ್ತಿದ್ದಳು. ಅವಳಿಗೆ ಹಸಿರು, ನನಗೆ ಕೆಂಪು. ಇದ್ಯಾವ ನ್ಯಾಯ ಎಂದು ಮೆಣಸು ಹಲ್ಲು ಕಡಿದಳು.

ಆ ಸಂಜೆ ಅಮ್ಮ ಮನೆಗೆ ಬಂದು ಒಂದು ಶೂ ಬಿಚ್ಚಿದ್ದಳಷ್ಟೆ.

"ಅಮ್ಮಾ, ನೀನು ಒಂದು ಹಣ್ಣು ಹೆಚ್ಚಿಕೊಟ್ರೆ ನಿಂದೇನು ಗಂಟು ಹೋಗುತ್ತೆ? ಎಲ್ಲರ ಅಮ್ಮಂದಿರೂ ಕೊಡ್ತಾರೆ. ನೀನೊಬ್ಬಳೇ ಕೊಡಲ್ಲ. ನಿನ್ನಿಂದ ಇಡೀ ಕ್ಲಾಸು ನನ್ನ ನೋಡಿ ನಕ್ತು."

ಅಮ್ಮ ಸಿಟಿ ಬಸ್ಸಿನ ಡ್ರೈವರ್. ಬೆಳಗಿನ ಮೊದಲ ಟ್ರಿಪ್ ಅವಳದೇ. ಡ್ರೈವರುಗಳು ಕಡಿಮೆ ಇದ್ದಾರೆಂದು ಈ ತಿಂಗಳೆಲ್ಲ ಎರಡು ಟ್ರಿಪ್ ಹೆಚ್ಚಿಗೆ ಓಡಿಸುತ್ತಿದ್ದಳು. ಇನ್ನೊಂದು ಶೂ ಬಿಚ್ಚುವುದನ್ನೂ ಮರೆತು ಅವಳು ಮಗಳನ್ನೇ ನೋಡಿದಳು.

"ಮಿಸ್ ಏನಂದ್ರು?"

ಮೆಣಸು ಒಂದಕ್ಷರ ಬಿಡದೆ ಹೇಳಿದಳು.

ಅಡುಗೆಮನೆಯಲ್ಲಿ ಅಪ್ಪ ತಟ್ಟೆ ತೊಳೆಯುತ್ತಿದ್ದ. ಅವನು ಲಿಫ್ಟ್ ಮೆಕ್ಯಾನಿಕ್. ಎಲ್ಲಿ ಲಿಫ್ಟ್ ಕೆಟ್ಟರೂ ಫೋನ್ ಬರುತ್ತಿತ್ತು, ಹೊರಡಬೇಕಾಗುತ್ತಿತ್ತು. ಒದ್ದೆ ಕೈಯಲ್ಲೇ ಅವನು ಹೊರಗೆ ಬಂದ.

"ಅಮ್ಮಂಗೆ ಟೈಮ್ ಇಲ್ವಾ ಅಂದ್ರಾ? ಮನೇಲಿ ಅಪ್ಪ ಅಂತ ಒಬ್ಬ ಇದಾನೆ ಅನ್ನೋದು ಅವರಿಗೆ ಗೊತ್ತಿಲ್ವಾ? ನಾಳೆ ನಾನೇ ಬಂದು ಕೇಳ್ತೀನಿ."

"ನೀವು ಸುಮ್ನಿರಿ," ಎಂದಳು ಅಮ್ಮ. "ಅಪ್ಪಂಗೂ ಮಗಳಿಗೂ ಒಂದೇ ಮೂಗು." ಆಮೇಲೆ ಎದ್ದು ಹೋಗಿ ಫ್ರಿಜ್ ತೆರೆದಳು. ಕೆಳಗಿನ ಡ್ರಾಯರಿನಲ್ಲಿ ಕಳೆದ ಭಾನುವಾರ ತಂದ ಆರು ಸೇಬು ಹಾಗೇ ಇದ್ದವು. ಎರಡು ಮೆತ್ತಗಾಗಿದ್ದವು. ಅಮ್ಮ ಅವೆರಡನ್ನೂ ಬೇರೆ ತೆಗೆದಿಟ್ಟಳು.

ಮರುದಿನ ಬೆಳಿಗ್ಗೆ ಮೆಣಸು ಏಳುವ ಹೊತ್ತಿಗೆ ಅಮ್ಮ ಕೆಲಸಕ್ಕೆ ಹೋಗಿಯಾಗಿತ್ತು. ಮೇಜಿನ ಮೇಲೆ ಮುಚ್ಚಿದ ಡಬ್ಬಿ ಇತ್ತು. ಒಳಗೆ ಸೇಬಿನ ಹೋಳುಗಳು. ಸಿಂಕಿನಲ್ಲಿ ಚಾಕು ಬಿದ್ದಿತ್ತು, ಅದರ ಪಕ್ಕ ಬ್ಯಾಂಡೇಜಿನ ಸಿಪ್ಪೆ.

"ಅಮ್ಮ ಕೈ ಕೊಯ್ಕೊಂಡ್ಳಾ?"

"ಹೆಬ್ಬೆರಳು. ಹೆಚ್ಚೇನಿಲ್ಲ," ಎಂದ ಅಪ್ಪ. "ಗಡಿಬಿಡಿ ಮಾಡ್ಕೊಂಡ್ಳು. ನಾಲ್ಕು ಗಂಟೆಗೇ ಎದ್ದಿದ್ಳು."

ಮೆಣಸು ಬ್ಯಾಂಡೇಜಿನ ಸಿಪ್ಪೆಯನ್ನು ಎತ್ತಿ ಕಸದ ಬುಟ್ಟಿಗೆ ಹಾಕಿದಳು. ಆಮೇಲೆ ಡಬ್ಬಿಯನ್ನು ಕಿರೀಟದ ಹಾಗೆ ಎರಡೂ ಕೈಯಲ್ಲಿ ಹಿಡಿದು ಶಾಲೆಗೆ ಹೋದಳು. ಇವತ್ತು ಹಸಿರು ಚುಕ್ಕಿ ಗ್ಯಾರಂಟಿ.

ಸಣ್ಣ ಬಿಡುವಿನಲ್ಲಿ ಮಿಸ್ ಡಬ್ಬಿಗಳನ್ನು ನೋಡುತ್ತ ಬಂದರು. ಮೆಣಸು ಮುಚ್ಚಳ ತೆಗೆದಳು. ನಾಲ್ಕು ಗಂಟೆಗೆ ಹೆಚ್ಚಿದ ಸೇಬು ಹತ್ತೂವರೆಯ ಹೊತ್ತಿಗೆ ಕಂದು ಬಣ್ಣಕ್ಕೆ ತಿರುಗಿತ್ತು.

"ಹಣ್ಣು ತಂದಿದೀಯ, ಗುಡ್. ಆದ್ರೆ ಕಪ್ಪಾಗಿಹೋಗಿದೆಯಲ್ಲ? ಫ್ರೆಶ್ ಆಗಿರಬೇಕು ಅಂತ ಹೇಳಿದ್ನಲ್ವಾ." ಮಿಸ್ ಸ್ವಲ್ಪ ಯೋಚಿಸಿದರು. "ಹಳದಿ."

ಅಷ್ಟು ದಿನ ಆ ಚಾರ್ಟಿನಲ್ಲಿ ಹಳದಿ ಎಂಬ ಬಣ್ಣವೇ ಇರಲಿಲ್ಲ. ಅವಳಿಗೋಸ್ಕರ ಹೊಸದಾಗಿ ಹುಟ್ಟಿತು.

ಮೆಣಸು ಅಳಲಿಲ್ಲ. ಕಂದು ಬಣ್ಣದ ಹೋಳುಗಳನ್ನು ಒಂದೂ ಬಿಡದೆ, ಮಿಸ್ ಕಡೆ ನೋಡುತ್ತಲೇ ಕಚಕಚ ಅಗಿದು ತಿಂದಳು. ರುಚಿಯಾಗಿಯೇ ಇದ್ದವು.

ಊಟದ ಬಿಡುವು ಮುಗಿಯಲು ಐದು ನಿಮಿಷ ಇರುವಾಗ ಕ್ಲಾಸ್ ಲೀಡರ್ ಅವಳ ಕೈಗೆ ನಲವತ್ತು ನೋಟ್‌ಬುಕ್ಕುಗಳನ್ನು ಹೇರಿ, "ಸ್ಟಾಫ್ ರೂಮಲ್ಲಿ ಇಟ್ಟು ಬಾ" ಎಂದ. ಪುಸ್ತಕಗಳ ರಾಶಿ ಗಲ್ಲದವರೆಗೆ ಬಂದಿತ್ತು. ಬಾಗಿಲು ತಟ್ಟಲು ಕೈ ಖಾಲಿ ಇರಲಿಲ್ಲ. ಮೆಣಸು ಮೊಣಕೈಯಿಂದ ತಳ್ಳಿ ಒಳಗೆ ಹೋದಳು.

ರೂಮಿನಲ್ಲಿ ಯಾರೂ ಇಲ್ಲವೆಂದುಕೊಂಡಳು. ಆಗ ಬೀರುವಿನ ಹಿಂದಿನಿಂದ ಸದ್ದು ಕೇಳಿಸಿತು. ಕರುಂ. ಕರುಂ. ಅವಳಿಗೆ ಚೆನ್ನಾಗಿ ಪರಿಚಯವಿದ್ದ ಸದ್ದು.

ಸೈನ್ಸ್ ಮಿಸ್ ಗೋಡೆಯ ಕಡೆ ಮುಖ ಮಾಡಿ ಸ್ಟೂಲಿನ ಮೇಲೆ ಕುಳಿತಿದ್ದರು. ಕೈಯಲ್ಲಿ ಚಿಪ್ಸ್ ಪ್ಯಾಕೆಟ್. ಪ್ಯಾಕೆಟ್ಟಿನ ಮೇಲೆ ಕಪ್ಪಗೆ, ದಪ್ಪಗೆ, 17.

ನೋಟ್‌ಬುಕ್ಕುಗಳು ಜಾರಿ ನೆಲದ ಮೇಲೆ ಚೆಲ್ಲಿಹೋದವು.

ಮಿಸ್ ಬೆಚ್ಚಿ ತಿರುಗಿದರು. ಪ್ಯಾಕೆಟ್ ಚಟಕ್ಕನೆ ಬೆನ್ನ ಹಿಂದೆ ಹೋಯಿತು. "ಬಾಗಿಲು ತಟ್ಟದೆ ಒಳಗೆ ಬರ್ತಾರಾ?" ಎಂದರು. ಬಾಯಿ ತುಂಬಿದ್ದರಿಂದ ಆ ಮಾತು ಅರ್ಧಂಬರ್ಧ ಕೇಳಿಸಿತು.

"ಅದು ನಂದು," ಎಂದಳು ಮೆಣಸು.

ನಿನ್ನೆ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಇವತ್ತು ಯಾರನ್ನೂ ಕೇಳದೆ ಹೊರಗೆ ಬಂತು.

"ಅದು ನಂದು ಮಿಸ್. ಅದಕ್ಕೆ ನಂಗೆ ಕೆಂಪು ಚುಕ್ಕಿ ಕೊಟ್ರಿ. ಎಲ್ಲರೂ ನಕ್ಕರು. ನಮ್ಮಮ್ಮ ನಾಲ್ಕು ಗಂಟೆಗೆ ಎದ್ದು ಸೇಬು ಹೆಚ್ಚಿದ್ರು, ಕೈ ಕೊಯ್ಕೊಂಡ್ರು. ಆ ಕೈಯಲ್ಲೇ ಈಗ ಬಸ್ ಓಡಿಸ್ತಿದಾರೆ. ಅದಕ್ಕೂ ಹಳದಿ ಕೊಟ್ರಿ. ಅಮ್ಮಂಗೆ ಟೈಮ್ ಇರಲ್ವಾ ಅಂತ ಕೇಳಿದ್ರಲ್ಲ. ನಿಮಗೆ ಇತ್ತಾ?"

ಇನ್ನೇನು ಬೈಗುಳ ಬೀಳುತ್ತದೆ, ಹೆಡ್‌ಮಾಸ್ಟರ್ ಹತ್ತಿರ ಕರೆದುಕೊಂಡು ಹೋಗುತ್ತಾರೆ ಎಂದು ಮೆಣಸು ಕಾದಳು.

ಮಿಸ್ ಬಾಯಲ್ಲಿದ್ದದ್ದನ್ನು ನುಂಗಿದರು.

"ಇರಲಿಲ್ಲ," ಎಂದರು.

ಅಷ್ಟೇ. ಪ್ಯಾಕೆಟ್ಟನ್ನು ಬೆನ್ನ ಹಿಂದಿನಿಂದ ತೆಗೆದು ಮೇಜಿನ ಮೇಲೆ ಇಟ್ಟರು. "ನನ್ನ ಮಗೂಗೆ ಜ್ವರ. ಅದನ್ನ ಅಕ್ಕನ ಮನೇಲಿ ಬಿಟ್ಟು ಬರೋ ಗಡಿಬಿಡೀಲಿ ನನ್ನ ಡಬ್ಬಿ ಮನೇಲೇ ಉಳೀತು. ಬಿಡುವಿನಲ್ಲಿ ನಿಮ್ಮನ್ನೆಲ್ಲ ನೋಡ್ಕೊಳ್ಳೋ ಡ್ಯೂಟಿ ಇತ್ತು. ಈಗ ಐದು ನಿಮಿಷ ಸಿಕ್ತು. ತಲೆ ಸುತ್ತು ಬರ್ತಿತ್ತು, ಕೈಗೆ ಸಿಕ್ಕಿದ್ದು ಇದು." ಸ್ವಲ್ಪ ತಡೆದು, "ನಾನು ತಿಂದದ್ದು ತಪ್ಪು. ನಿನ್ನೆ ಅಂದದ್ದು ಅದಕ್ಕಿಂತ ದೊಡ್ಡ ತಪ್ಪು," ಎಂದರು.

ಬೈದಿದ್ದರೆ ಮೆಣಸು ತಿರುಗಿ ಮಾತಾಡಬಹುದಿತ್ತು. ಅವಳು ಕೆಳಗೆ ಕೂತು ನೋಟ್‌ಬುಕ್ ಆರಿಸತೊಡಗಿದಳು. ಮಿಸ್ ಕೂಡ ಕೂತು ಆರಿಸಿದರು. ಅವರ ಬೆರಳ ತುದಿಯಲ್ಲಿ ಚಿಪ್ಸಿನ ಉಪ್ಪು ಇನ್ನೂ ಅಂಟಿಕೊಂಡಿತ್ತು.

ಕ್ಲಾಸಿಗೆ ವಾಪಸು ಬಂದಾಗ ಸುದ್ದಿ ನಾಲಿಗೆಯ ತುದಿಯಲ್ಲೇ ಕುಣಿಯುತ್ತಿತ್ತು. ಉದ್ದಜಡೆಗೆ ಒಂದು ಮಾತು ಹೇಳಿದರೆ ಸಾಕು, ಬೆಲ್ ಹೊಡೆಯುವಷ್ಟರಲ್ಲಿ ಇಡೀ ಶಾಲೆಗೆ ಗೊತ್ತಾಗುತ್ತಿತ್ತು. ಎಲ್ಲರೂ ನಗುತ್ತಾರೆ. ಮಿಸ್ ಎದ್ದು ನಿಲ್ಲುತ್ತಾರೆ, ಅವರ ಕಿವಿ ಬಿಸಿಯಾಗುತ್ತದೆ. ಮೆಣಸು ಅದನ್ನೆಲ್ಲ ಕಣ್ಣಮುಂದೆ ತಂದುಕೊಂಡಳು. ತಾನು ಎಣಿಸಿದಷ್ಟು ಖುಷಿಯಾಗಲಿಲ್ಲ.

"ಯಾಕೇ ಇಷ್ಟು ಲೇಟು?" ಎಂದಳು ಉದ್ದಜಡೆ.

"ಪುಸ್ತಕ ಬಿದ್ದೋಯ್ತು," ಎಂದಳು ಮೆಣಸು.

ಕೊನೆಯ ಪೀರಿಯಡ್ಡಿಗೆ ಮಿಸ್ ಬಂದವರೇ ಪಾಠದ ಪುಸ್ತಕ ತೆರೆಯಲಿಲ್ಲ. ಗೋಡೆಯ ಚಾರ್ಟನ್ನು ಬಿಚ್ಚಿ ಸುತ್ತಿ, ಮೂಲೆಯಲ್ಲಿ ನಿಲ್ಲಿಸಿದರು.

"ನಿನ್ನೆ ಒಬ್ಬರ ಅಮ್ಮನ ಬಗ್ಗೆ ನಾನು ಆಡಬಾರದ ಮಾತು ಆಡಿದೆ. ಇವತ್ತು ನನ್ನ ಡಬ್ಬಿ ಮನೇಲೇ ಉಳೀತು, ನಾನೂ ಪ್ಯಾಕೆಟ್ಟೇ ತಿಂದೆ. ಅದೂ ನಿಮ್ಮಿಂದ ಕಿತ್ಕೊಂಡ ಪ್ಯಾಕೆಟ್ಟು."

ಕ್ಲಾಸಿನಲ್ಲಿ ಗುಸುಗುಸು ಎದ್ದಿತು. ಯಾರೂ ಜೋರಾಗಿ ನಗಲಿಲ್ಲ.

"ಚಿಪ್ಸ್ ಒಳ್ಳೇದಲ್ಲ ಅನ್ನೋದು ಈಗಲೂ ನಿಜವೇ. ತಿಂದು ಅರ್ಧ ಗಂಟೇಲಿ ನಂಗೆ ಮತ್ತೆ ಹಸಿವಾಯ್ತು. ಈಗ ನೀವೇ ಹೇಳಿ. ಬೆಳಿಗ್ಗೆ ಯಾರಿಗೂ ಪುರುಸೊತ್ತಿಲ್ಲದ ಮನೇಲಿ ಏನು ತಿನ್ನಬಹುದು? ಚಾಕು ಬೇಡ, ಒಲೆ ಬೇಡ."

"ಬಾಳೆಹಣ್ಣು," ಎಂದ ಕ್ಲಾಸ್ ಲೀಡರ್. "ಅದು ಸ್ವಂತ ಡಬ್ಬೀಲೇ ಬರುತ್ತೆ."

"ಹುರಿದ ಕಡಲೆಕಾಯಿ. ಭಾನುವಾರ ಒಂದು ಡಬ್ಬ ಹುರಿದಿಟ್ರೆ ವಾರ ಪೂರ್ತಿ ಬರುತ್ತೆ."

"ಕಿತ್ತಳೆ," ಎಂದಳು ಮೆಣಸು. "ಸುಲಿಯೋವರೆಗೂ ಕಪ್ಪಾಗಲ್ಲ."

ಮಿಸ್ ಅವಳ ಕಡೆ ನೋಡಿ ತಲೆಯಾಡಿಸಿದರು.

ಉದ್ದಜಡೆ ನಿಧಾನವಾಗಿ ಕೈಯೆತ್ತಿದಳು. "ಮಿಸ್, ಕ್ಯಾರೆಟ್ ಹೂವು ಮಾಡಬೇಡಿ ಅಂತ ನಮ್ಮಮ್ಮಂಗೆ ನೀವೇ ಹೇಳ್ತೀರಾ? ನಂಗೆ ಕ್ಯಾರೆಟ್ ಕಂಡ್ರೆ ಆಗಲ್ಲ."

ಈ ಸಲ ಎಲ್ಲರೂ ನಕ್ಕರು. ಮಿಸ್ಸೂ ನಕ್ಕರು.

ಶನಿವಾರ ಶಾಲೆಗೆ ರಜೆ. ಅಮ್ಮನ ಬಸ್ಸಿನ ಕೊನೆಯ ಸ್ಟಾಪಿನ ಹತ್ತಿರವೇ ಅಪ್ಪನಿಗೆ ಲಿಫ್ಟ್ ರಿಪೇರಿ ಇತ್ತು. ಮೆಣಸು ಹಟ ಮಾಡಿ ಜೊತೆಗೆ ಹೊರಟಳು. ಎರಡೂ ಜೇಬಿನಲ್ಲಿ ಒಂದೊಂದು ಕಿತ್ತಳೆ ಇಟ್ಟುಕೊಂಡಿದ್ದಳು.

ಕೆಲಸ ಮುಗಿಸಿ ಸ್ಟಾಪಿಗೆ ಬಂದಾಗ ಬಸ್ಸು ಖಾಲಿ ನಿಂತಿತ್ತು. ಅಮ್ಮ ಡ್ರೈವರ್ ಸೀಟಿನಲ್ಲೇ ಕೂತು, ಕಿಟಕಿಯ ಕಡೆ ತಿರುಗಿ, ಬಿಸ್ಕತ್ತನ್ನು ಗಬಗಬ ತಿನ್ನುತ್ತಿದ್ದಳು. ಅಗಿಯುವುದಕ್ಕಿಂತ ನುಂಗುವುದೇ ಹೆಚ್ಚು. ಮಗಳನ್ನು ಕಂಡಿದ್ದೇ ಬಿಸ್ಕತ್ ಪ್ಯಾಕೆಟ್ಟನ್ನು ಸೀಟಿನ ಸಂದಿಗೆ ತಳ್ಳಿದಳು.

"ನಾನು ನೋಡಿದೆ," ಎಂದಳು ಮೆಣಸು, ಹತ್ತಿ ಬಂದು.

ಅಮ್ಮ ಕಳ್ಳಿಯ ಹಾಗೆ ನಕ್ಕಳು. "ಊಟಕ್ಕೆ ಏಳು ನಿಮಿಷ ಕಣೆ. ಅದರಲ್ಲೇ ಇಳಿದು ಟಾಯ್ಲೆಟ್ಟಿಗೆ ಹೋಗಿ ಬಂದೆ. ಇನ್ನು ಮೂರೇ ಇದೆ."

ಮೆಣಸು ಕಿತ್ತಳೆ ತೆಗೆದು ಉಗುರಿನಿಂದ ಸುಲಿದಳು. ಒಂದೊಂದೇ ತೊಳೆ ಬಿಡಿಸಿ ಅಮ್ಮನ ಅಂಗೈಯಲ್ಲಿ ಇಟ್ಟಳು. ಹೆಬ್ಬೆರಳಿನ ಬ್ಯಾಂಡೇಜು ಸ್ಟೀರಿಂಗ್ ಉಜ್ಜಿ ಉಜ್ಜಿ ಕೊಳೆಯಾಗಿತ್ತು. ಅಮ್ಮ ಎದುರಿನ ಗಡಿಯಾರದ ಮೇಲೆ ಒಂದು ಕಣ್ಣಿಟ್ಟೇ ತಿಂದಳು.

"ಅಮ್ಮಾ, ಈ ಏಳು ನಿಮಿಷ ಯಾರು ಫಿಕ್ಸ್ ಮಾಡಿದ್ದು?"

"ಆಫೀಸಲ್ಲಿ ಟೈಮ್‌ಟೇಬಲ್ ಹಾಕೋರು."

"ಅವರು ಎಷ್ಟು ನಿಮಿಷದಲ್ಲಿ ಊಟ ಮಾಡ್ತಾರೆ?"

ಅಮ್ಮ ಇನ್ನೊಂದು ತೊಳೆ ಬಾಯಿಗೆ ಹಾಕಿಕೊಂಡಳು. "ಅದನ್ನೇ ನಾವೂ ಕೇಳ್ತಿದೀವಿ. ಡ್ರೈವರುಗಳೆಲ್ಲ ಸೇರಿ ಲೆಟರ್ ಕೊಟ್ಟಿದೀವಿ."

"ಉತ್ತರ ಬಂತಾ?"

"ಇನ್ನೂ ಇಲ್ಲ."

ಜನ ಹತ್ತತೊಡಗಿದರು. ಅಮ್ಮ ಎರಡೂ ಕೈಯನ್ನು ಸ್ಟೀರಿಂಗಿನ ಮೇಲೆ ಇಟ್ಟು, ಮರಿಹಕ್ಕಿಯ ಹಾಗೆ ಬಾಯಿ ತೆರೆದಳು. ಮೆಣಸು ಕೊನೆಯ ತೊಳೆಯನ್ನು ಅವಳ ಬಾಯಿಗೆ ಹಾಕಿ ಇಳಿದಳು. ಬಾಗಿಲು ಮುಚ್ಚಿತು, ಬಸ್ಸು ಹೊರಟಿತು.

"ಮುಖ ಯಾಕೆ ಹಾಗಿದೆ?" ಎಂದ ಅಪ್ಪ. "ಇನ್ನೂ ಮಿಸ್ ಮೇಲೆ ಸಿಟ್ಟಾ?"

"ಅವರ ಮೇಲಲ್ಲ."

"ಅಮ್ಮನ ಮೇಲಾ?"

ಮೆಣಸು ಇಲ್ಲವೆಂದು ತಲೆಯಲ್ಲಾಡಿಸಿದಳು. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತಿದ್ದಳು.

"ಅಪ್ಪಾ, ಆ ಆಫೀಸಿಗೆ ಮಕ್ಕಳು ಲೆಟರ್ ಬರೆದ್ರೆ ಓದ್ತಾರಾ?"

"ಗೊತ್ತಿಲ್ಲ. ಬೈಗುಳ ಇದ್ರೆ ಖಂಡಿತ ಓದಲ್ಲ."

ಮನೆಯ ಕಡೆ ನಡೆಯುತ್ತ ಅವಳು ಮನಸ್ಸಿನಲ್ಲೇ ಮೊದಲ ಸಾಲು ಬರೆದಳು. ಅದರಲ್ಲಿ ಬೈಗುಳ ಇತ್ತು. ಅಳಿಸಿ ಇನ್ನೊಂದು ಬರೆದಳು. ಅದರಲ್ಲೂ ಇತ್ತು. ಮೂರನೆಯದು ಸರಿಯಾಗಿ ಬರುವಷ್ಟರಲ್ಲಿ ಅಪ್ಪ ಹತ್ತು ಹೆಜ್ಜೆ ಮುಂದೆ ಹೋಗಿದ್ದ. ಮೆಣಸು ಆ ಸಾಲನ್ನು ಮರೆಯದಂತೆ ಬಾಯಲ್ಲೇ ಹೇಳಿಕೊಳ್ಳುತ್ತ ಓಡಿದಳು.