ಕೆಂಪು ಬೈಕಿನ ಹತ್ತು ಕ್ಲಿಕ್ಕು

ಶನಿವಾರ ಸಂಜೆ ಏಳೂಕಾಲಿಗೆ ಹಾಲಿನ ವ್ಯಾನಿನವನು ಘಾಟಿಯ ಹನ್ನೊಂದನೇ ತಿರುವಿನಲ್ಲಿ ಗಕ್ಕನೆ ಬ್ರೇಕ್ ಒತ್ತಿದ. ರಸ್ತೆಯ ತುಂಬ ಜೇನುಗೂಡಿನ ಮರದ ಚೌಕಟ್ಟುಗಳು. ಮಗುಚಿದ ತಳ್ಳುಗಾಡಿ. ಚರಂಡಿಯಲ್ಲಿ ಜೇನು ಸಾಕುವ ಮುದುಕ ಯೋಷ್ಕೋ, ತಲೆ ಒಡೆದು ಪ್ರಜ್ಞೆಯಿಲ್ಲದೆ ಬಿದ್ದಿದ್ದ. ಹತ್ತು ಮಾರು ಆಚೆ, ಎಡಮಗ್ಗುಲಾಗಿ ಒಂದು ಕೆಂಪು ಬೈಕು.

ಬೈಕು ಯಾರದೆಂದು ನಮ್ಮ ಟ್ರೆಂಟಾ ಕಣಿವೆಯಲ್ಲಿ ಯಾರನ್ನೂ ಕೇಳಬೇಕಾಗಿರಲಿಲ್ಲ. ಸ್ಟೋಯಾನನದು. ಆದರೆ ಓಡಿಸಿದವನು ಎಲ್ಲಿ?

ಮರುದಿನ ಬೆಳಿಗ್ಗೆ ಎಂಟಕ್ಕೇ ಸಾರ್ಜೆಂಟ್ ರಾಡೋ ನನ್ನ ಹೋಟೆಲಿನ ಹಿಂದಿನ ವರ್ಕ್‌ಶಾಪಿಗೆ ನುಗ್ಗಿ ಮೆಕ್ಯಾನಿಕ್ ಟೀನೆಯ ತೋಳು ಹಿಡಿದ. ನಾನು ಕೈಯಲ್ಲಿ ಬ್ರೆಡ್ಡಿನ ಬುಟ್ಟಿ ಹಿಡಿದು ಅಲ್ಲೇ ನಿಂತಿದ್ದೆ.

"ಕೀಲಿ ನಿನ್ನ ಹತ್ರ ಇತ್ತು. ಹಿಂದಿನ ಚಕ್ರಕ್ಕೆ ಹೊಸ ಶಾಕ್ ಅಬ್ಸಾರ್ಬರ್ ಹಾಕಿದ್ದು ನೀನು. ಓಡ್ಸಿ ನೋಡಿದ್ದೂ ನೀನೇ. ಇನ್ನೇನಯ್ಯಾ ಬೇಕು?"

"ಐದು ಗಂಟೆಗೇ ಅವ್ರ ಕೊಟ್ಟಿಗೇಲಿ ನಿಲ್ಸಿ, ಕೀಲಿ ಮೊಳೆಗೆ ಹಾಕಿ ಬಂದೆ ಸಾರ್. ದೇವ್ರಾಣೆ!"

"ನೋಡ್ದೋರು ಯಾರು?"

ಯಾರೂ ನೋಡಿರಲಿಲ್ಲ.

ಸ್ಟೋಯಾನನ ಮಾತು ಬೇರೆ ಇತ್ತು. ಮೂರರಿಂದ ಏಳರವರೆಗೆ ಮೇಲಿನ ಹುಲ್ಲುಗಾವಲಿನಲ್ಲಿ ಬೇಲಿ ಕಟ್ಟುತ್ತಿದ್ದನಂತೆ. ಕೆಳಗೆ ಬಂದಾಗ ಕೊಟ್ಟಿಗೆ ಖಾಲಿ. ಹೊಸ ಶಾಕ್ ಹಾಕಿದ ಬೈಕನ್ನು ತಾನು ಕಣ್ಣಲ್ಲೂ ಕಂಡಿಲ್ಲ ಎಂದು ಠಾಣೆಯಲ್ಲಿ ಬರೆದುಕೊಟ್ಟಿದ್ದ. ಅವನ ಹೆಂಡತಿ ದಾರಿಂಕಾ ಮೂರು ದಿನದಿಂದ ತಂಗಿಯ ಮನೆಯಲ್ಲಿದ್ದಳು. ಇತ್ತ ಮೂವತ್ತು ವರ್ಷದಿಂದ ಬೈಕು ಸಂಘದ ಅಧ್ಯಕ್ಷ ಸ್ಟೋಯಾನ್, ಅತ್ತ ಎಂಟು ತಿಂಗಳ ಹಿಂದೆ ನನ್ನ ಹಳೆಯ ಕುಲುಮೆಯನ್ನು ವರ್ಕ್‌ಶಾಪಿಗೆಂದು ಬಾಡಿಗೆಗೆ ಹಿಡಿದ ಹೊಸಬ ಟೀನೆ. ಊರು ಯಾರನ್ನು ನಂಬುತ್ತದೆ? ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನಾವು. ರಾಡೋ ಜೀಪು ಹತ್ತುವ ಮೊದಲೇ ಇಬ್ಬರು ಗಿರಾಕಿಗಳು ಬಂದು ತಮ್ಮ ಬೈಕುಗಳನ್ನು ವಾಪಸ್ ತಳ್ಳಿಕೊಂಡು ಹೋದರು.

"ಮಧ್ಯಾಹ್ನ ಹನ್ನೆರಡಕ್ಕೆ ನೋವಾ ಗೊರಿಟ್ಸಾದ ದೊಡ್ಡ ಠಾಣೆಗೆ ಕರ್ಕೊಂಡು ಹೋಗ್ತೀನಿ. ಮುದುಕ ಸತ್ರೆ ಇವನು ಜೈಲಲ್ಲೇ ಕೂದಲು ನೆರೆಸ್ಕೋಬೇಕು," ಎಂದ ರಾಡೋ.

ನಾನು ಲೋಯ್ಜೆ. ಘಾಟಿಯ ಬುಡದಲ್ಲಿ ನಾಲ್ಕು ಕೋಣೆಯ ಹೋಟೆಲು. ಮೂರು ವರ್ಷದ ಹಿಂದೆ ಎದೆಯ ಆಪರೇಷನ್ ಆದ ಮೇಲೆ ನನ್ನ ಬೈಕು ಮಾರಿದೆ. ಅಂದಿನಿಂದ ಬೈಕಿನ ಮಾತೆತ್ತಿದರೆ ನನಗೆ ಮೈಯೆಲ್ಲ ಉರಿ. ಹೊಟ್ಟೆಪಾಡು ಮಾತ್ರ ಬೈಕಿನವರಿಂದಲೇ. ಅಂದು ಭಾನುವಾರ, ಪಾದ್ರಿಗಳು ಬೈಕುಗಳಿಗೆ ತೀರ್ಥ ಚಿಮುಕಿಸುವ ದಿನ. ಹನ್ನೊಂದು ಗಂಟೆಗೆ ಮುನ್ನೂರು ಬೈಕುಗಳ ಮೆರವಣಿಗೆ. ಮುಂದಾಳು ಎಂದಿನಂತೆ ಸ್ಟೋಯಾನ್. ಮುನ್ನೂರು ಜನರ ಊಟ ನನ್ನ ತಲೆಯ ಮೇಲೆ. ಅದಕ್ಕೆ ಸಾಮಾನು ತರಲು ಹಿಂದಿನ ದಿನ ಮಧ್ಯಾಹ್ನ ಹೋಟೆಲು ಮುಚ್ಚಿ ಟೋಲ್ಮಿನ್‌ಗೆ ಹೋದವನು ಮನೆ ಸೇರಿದ್ದೇ ರಾತ್ರಿ ಎಂಟಕ್ಕೆ. ನನ್ನ ಹೆಂಡತಿ ವೀಡಾ ಬೇರೆ ಒಲೆಯ ಬಾಗಿಲು ಬಡಿದು ಎಡ ಮಣಿಕಟ್ಟು ಊದಿಸಿಕೊಂಡು, ಬಟ್ಟೆ ಸುತ್ತಿಕೊಂಡು, ಒಂದೇ ಕೈಯಲ್ಲಿ ಆಲೂಗಡ್ಡೆ ಹೆಚ್ಚುತ್ತಿದ್ದಳು.

"ಲೋಯ್ಜೆ, ನಿಮ್ಮ ಮೊಟ್ಟೆ ಚೆನ್ನಾಗಿದೆ. ನಿಮ್ಮ ಸಾರ್ಜೆಂಟ್ ಚೆನ್ನಾಗಿಲ್ಲ," ಎಂದರು ಕಿಟಕಿಯ ಪಕ್ಕದ ಮೇಜಿನಿಂದ ಮಿಲೇನಾ.

ಮಿಲೇನಾ ಕೊಗೋಯ್‌ಗೆ ಅರವತ್ತಾರು. ಲ್ಯುಬ್ಲಿಯಾನಾದಲ್ಲಿ ಮೂವತ್ತು ವರ್ಷ ರಸ್ತೆ ಅಪಘಾತಗಳ ತನಿಖೆ ಮಾಡಿ ನಿವೃತ್ತರಾದವರು. ಪ್ರತಿ ಮೇ ತಿಂಗಳು ತಮ್ಮ ಬೂದುಬಣ್ಣದ ಬೈಕಿನಲ್ಲಿ ಬಂದು ನನ್ನಲ್ಲೇ ಇಳಿದುಕೊಳ್ಳುತ್ತಾರೆ. ಹೊಟ್ಟೆ ತುಂಬ ತಿನ್ನುತ್ತಾರೆ, ಕಣ್ಣು ತುಂಬ ನೋಡುತ್ತಾರೆ.

"ಬನ್ನಿ, ಆ ಬೈಕ್ ನೋಡ್ಕೊಂಡು ಬರೋಣ."

"ನನಗೆ ಮುನ್ನೂರು ಜನರ ಊಟ ಇದೆ ಮಿಲೇನಾ!"

"ಟೀನೆಗೆ ಹನ್ನೆರಡು ಗಂಟೇವರೆಗೆ ಮಾತ್ರ ಟೈಮಿದೆ."

ಹೋದೆವು.

ಠಾಣೆಯ ಅಂಗಳದಲ್ಲಿ ಕೆಂಪು ಬೈಕು ಎಡಗಡೆ ಪೂರ್ತಿ ತರಚಿಕೊಂಡು ನಿಂತಿತ್ತು. ಚಳಿಗಾಲವೆಲ್ಲ ಸ್ಟೋಯಾನ್ ಅದಕ್ಕೆ ಸಿಂಗಾರ ಮಾಡಿದ್ದ: ಎತ್ತರದ ಗಾಳಿತಡೆ, ಹೊಸ ಟೈರು, ಬೆಚ್ಚಗಿನ ಹಿಡಿಕೆ, ಕೊನೆಗೆ ಈ ಹೊಸ ಶಾಕ್. ರಾಡೋ ಘಾಟಿಯಲ್ಲಿ ತೆಗೆದ ಫೋಟೋಗಳನ್ನು ನೋಡಿ ಮುಗಿಸಿ ಮಿಲೇನಾ ಬೈಕಿನ ಪಕ್ಕ ಮೊಣಕಾಲೂರಿ ಕೂತರು. ಹಿಂಬದಿ ಸವಾರ ಕಾಲಿಡುವ ಎಡಗಡೆಯ ಫುಟ್‌ರೆಸ್ಟ್ ಮಡಿಸಿತ್ತು. ಅದನ್ನು ಬೆರಳಿಂದ ಬಿಡಿಸಿದರು, ಮಡಿಸಿದರು, ಮತ್ತೆ ಬಿಡಿಸಿದರು.

"ರಾಡೋ, ಇದರ ತುದಿ ನೋಡಿ. ಟಾರಿಗೆ ಉಜ್ಜಿ ಸವೆದಿದೆ. ಮಡಿಸಿದ್ದಿದ್ರೆ ತುದಿ ನೆಲಕ್ಕೆ ತಾಗುತ್ತಾ?"

ರಾಡೋ ಬಗ್ಗಿದ. "ಇಲ್ಲ."

"ಅಂದ್ರೆ ಬೀಳುವಾಗ ಇದು ಬಿಡಿಸಿತ್ತು. ಹಿಂದೆ ಒಬ್ಬರು ಕೂತಿದ್ರು. ಬಿದ್ದ ಮೇಲೆ ಯಾರೋ ಮಡಿಸಿದ್ದಾರೆ. ಯಾಕೆ?"

"ಟೀನೆ ಯಾರನ್ನೋ ಕೂರಿಸ್ಕೊಂಡು ಹೋಗಿರ್ಬೇಕು," ಎಂದ ರಾಡೋ. ಆದರೆ ದನಿ ಮೊದಲಿನಷ್ಟು ಗಟ್ಟಿ ಇರಲಿಲ್ಲ.

ಸೀಟಿನ ಕೆಳಗೆ ಪಕ್ಕದಲ್ಲೊಂದು ಕಪ್ಪು ತಿರುಪು ಇತ್ತು. ಮಿಲೇನಾ ಅದನ್ನೇ ದಿಟ್ಟಿಸಿದರು. ಬೈಕಿನವರಿಗೆ ಅದರ ಗುಟ್ಟು ಗೊತ್ತು. ಹಿಂದೆ ಭಾರ ಕೂತರೆ ಬಾಲ ಕುಸಿಯುತ್ತದೆ. ತಿರುಪು ತಿರುಗಿಸಿ ಹಿಂದಿನ ಸ್ಪ್ರಿಂಗನ್ನು ಬಿಗಿ ಮಾಡಿದರೆ ಮತ್ತೆ ಸಮನಾಗುತ್ತದೆ. ಹೆಚ್ಚು ಬಿಗಿ ಮಾಡಿದರೆ ಹಳ್ಳದಲ್ಲಿ ಹಿಂದಿನ ಚಕ್ರ ನೆಲ ಬಿಟ್ಟು ಕುಪ್ಪಳಿಸುತ್ತದೆ.

"ಫೋಟೋ ತೆಗೀರಿ. ಆಮೇಲೆ ಪೂರ್ತಿ ಸಡಿಲ ಆಗೋವರೆಗೆ ಹಿಂದಕ್ಕೆ ತಿರುಗಿಸಿ ಕ್ಲಿಕ್ಕು ಎಣಿಸೋಣ."

ಕ್ಲಿಕ್, ಕ್ಲಿಕ್, ಕ್ಲಿಕ್. ಹದಿನಾಲ್ಕು.

ಸೀಟು ಎತ್ತಿದರೆ ಅದರಡಿ ಒಂದು ಲಕೋಟೆ. ಮೇಲೆ ಟೀನೆಯ ಕೈಬರಹ: 'ಸ್ಟೋಯಾನ್ ಅವರಿಗೆ. ಓಡಿಸುವ ಮೊದಲು ಓದಿ.' ಅಂಟು ಹಾಗೇ ಇತ್ತು, ಯಾರೂ ಒಡೆದಿರಲಿಲ್ಲ. ರಾಡೋ ಒಡೆದ. ನಾನೂ ಇಣುಕಿದೆ. 'ನೀವೊಬ್ಬರೇ ಇದ್ದರೆ ನಾಲ್ಕು ಕ್ಲಿಕ್ಕು, ಹಾಗೇ ಇಟ್ಟಿದ್ದೇನೆ. ಹೊಸ ಸ್ಪ್ರಿಂಗು ತುಂಬ ಗಟ್ಟಿ. ಹಿಂದಿನ ಸವಾರರ ಪ್ರತಿ ಹತ್ತು ಕಿಲೋಗೆ ಒಂದೇ ಕ್ಲಿಕ್ಕು ಸಾಕು. ದಯವಿಟ್ಟು ಹಳೆಯ ಲೆಕ್ಕ ಬಿಡಿ.'

ನನಗೆ ಏನೂ ಹೊಳೆಯಲಿಲ್ಲ. ಮಿಲೇನಾ ಮಾತ್ರ ಲಾಕಪ್ಪಿನ ಕಿಟಕಿಗೆ ಹೋಗಿ ಕೇಳಿದರು:

"ಟೀನೆ, ಈ ಬೈಕಲ್ಲಿ ಹಿಂದೆ ನನ್ನನ್ನ ಕೂರಿಸ್ಕೊಂಡ್ರೆ ಎಷ್ಟು ತಿರುಗಿಸ್ತೀಯಾ? ನಾನು ಎಪ್ಪತ್ತು ಕಿಲೋ."

"ಏಳು," ಎಂದ ಟೀನೆ ಯೋಚಿಸದೆ. ಅತ್ತು ಕಣ್ಣು ಕೆಂಪಾಗಿದ್ದವು. "ಮೇಡಂ, ವರ್ಕ್‌ಶಾಪಿಗೆ ಬೀಗ ಹಾಕಿಲ್ಲ. ಗಿರಾಕಿಗಳ ಬೈಕುಗಳಿವೆ."

ಈಗ ಯಾರ ಬೈಕೂ ಇಲ್ಲ ಎಂದು ಹೇಳಲು ನನಗೆ ನಾಲಿಗೆ ಬರಲಿಲ್ಲ.

ಹತ್ತೂವರೆಗೆ ನಾವು ವಾಪಸ್ ಬಂದಾಗ ಹೋಟೆಲಿನ ಜಗಲಿಯಲ್ಲಿ ಸ್ಟೋಯಾನ್ ಕಾಫಿ ಕುಡಿಯುತ್ತಿದ್ದ. ಚರ್ಮದ ಉಡುಪು, ಎದೆಗೆ ಸಂಘದ ಬಿಲ್ಲೆ. ಮೆರವಣಿಗೆಗೆಂದು ಯಾರದೋ ಬೈಕು ಕಡ ತಂದಿದ್ದ. ಅಂಗಳದಲ್ಲಿ ಇಂಜಿನ್ನುಗಳ ಗುಡುಗು. ಮಿಲೇನಾ ಅವನ ಎದುರು ಕೂತರು. ರಾಡೋ ಕಂಬಕ್ಕೆ ಒರಗಿ ನಿಂತ.

"ಸ್ಟೋಯಾನ್, ಒಂದು ಮಾತು ಕೇಳ್ಲಾ? ಬೇಜಾರು ಮಾಡ್ಕೋಬೇಡಿ. ನೀವು ಹಿಂದೆ ಜನ ಕೂರಿಸ್ಕೊಂಡ್ರೂ ಸ್ಪ್ರಿಂಗ್ ಮುಟ್ಟೋದೇ ಇಲ್ವಂತೆ? ಹಾಗೇ ಬಾಲ ಎಳ್ಕೊಂಡು ಹೋಗ್ತೀರಂತೆ?"

ಸ್ಟೋಯಾನನ ಕಿವಿ ಕೆಂಪಗಾಯಿತು.

"ಯಾವನು ಹೇಳಿದ್ದು? ಲೋಯ್ಜೆ, ನೀನಾ?"

"ನಾನ್ಯಾಕೆ ಹೇಳ್ಲಿ ಮಾರಾಯ?"

"ಈ ಬೈಕ್ ತಂದ ಹನ್ನೊಂದು ವರ್ಷದಿಂದ ಒಂದೇ ಒಂದು ಸಲ ತಪ್ಪಿಲ್ಲ! ಐದು ಕಿಲೋಗೆ ಒಂದು ಕ್ಲಿಕ್ಕು. ದಾರಿಂಕಾ ತೊಂಬತ್ತು ಕಿಲೋ, ಹದಿನೆಂಟು ಕ್ಲಿಕ್ಕು. ಒಂದು ಹಿಟ್ಟಿನ ಮೂಟೆ ಕಟ್ಟಿದ್ರೂ ಎಣಿಸಿ ತಿರುಗಿಸೋನು ನಾನು. ಇಡೀ ಸಂಘಕ್ಕೆ ನಾನೇ ಕಲಿಸಿದ್ದು!"

ನಿಜ. ಆ ಪಾಠ ಕೇಳಿ ಕೇಳಿ ನಮ್ಮ ಕಿವಿ ತೂತಾಗಿತ್ತು.

"ಹೊಸ ಶಾಕಿಗೂ ಅದೇ ಲೆಕ್ಕಾನಾ?"

"ಸ್ಪ್ರಿಂಗು ಅಂದ್ರೆ ಸ್ಪ್ರಿಂಗೇ. ಮೊನ್ನೆ ಬಂದ ಟೀನೆ ಹತ್ರ ನಾನು ಪಾಠ ಹೇಳಿಸ್ಕೋಬೇಕಾ?"

"ಅದಕ್ಕೇ ಅವನ ಲಕೋಟೆ ಒಡೀಲಿಲ್ಲ?"

"ಸೀಟಿನಡಿ ಅವನು ಏನಾದ್ರೂ ಬರೆದಿಡ್ಲಿ, ನಾನು ಓದಲ್ಲ—"

ಸ್ಟೋಯಾನ್ ನಾಲಿಗೆ ಕಚ್ಚಿಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಕಂಡಿದ್ದೆ. ಇವನು ಕಾಯಿಯನ್ನೇ ಮೇಜಿನ ಮೇಲಿಟ್ಟಿದ್ದ.

"ಲಕೋಟೆ ಸೀಟಿನಡಿ ಇತ್ತು ಅಂತ ನಾನು ಹೇಳಲೇ ಇಲ್ವಲ್ಲ," ಎಂದರು ಮಿಲೇನಾ ಮೆಲ್ಲಗೆ. "ಹೊಸ ಶಾಕ್ ಹಾಕಿದ ಮೇಲೆ ನೀವು ಬೈಕನ್ನ ಕಣ್ಣಲ್ಲೂ ಕಂಡಿಲ್ಲ ಅಲ್ವಾ?"

"ಅವನು... ಯಾವಾಗ್ಲೂ ಅಲ್ಲೇ ಇಡ್ತಾನೆ."

"ಇರ್ಬಹುದು. ಲಕೋಟೆ ಬಿಡಿ, ಕ್ಲಿಕ್ಕಿಗೆ ಬನ್ನಿ. ಟೀನೆ ನಾಲ್ಕಕ್ಕೆ ಇಟ್ಟಿದ್ದ. ಬೈಕ್ ಸಿಕ್ಕಾಗ ಹದಿನಾಲ್ಕು. ಯಾರೋ ಹತ್ತು ಕ್ಲಿಕ್ಕು ತಿರುಗಿಸಿದ್ದಾರೆ. ಕದ್ದು ಓಡೋ ಕಳ್ಳ ಬಗ್ಗಿ ಕೂತು ಸ್ಪ್ರಿಂಗ್ ಬಿಗಿ ಮಾಡ್ತಾನಾ ರಾಡೋ?"

"ಇಲ್ಲ."

"ಟೀನೆ ಮಾಡ್ಬಹುದು. ಆದ್ರೆ ಟೀನೆ ಲೆಕ್ಕ ಕ್ಲಿಕ್ಕಿಗೆ ಹತ್ತು ಕಿಲೋ. ಅವನು ಹತ್ತು ತಿರುಗಿಸಬೇಕಾದ್ರೆ ಹಿಂದೆ ನೂರು ಕಿಲೋ ಆಸಾಮಿ ಕೂತಿರ್ಬೇಕು. ಅಂಥವರು ಕೂತಿದ್ರೆ ಬೈಕು ನೆಟ್ಟಗೆ ಹೋಗ್ತಿತ್ತು, ಬೀಳ್ತಾನೇ ಇರ್ಲಿಲ್ಲ. ಹನ್ನೊಂದನೇ ತಿರುವಿನ ಹಳ್ಳದಲ್ಲಿ ಹಿಂದಿನ ಚಕ್ರ ಕುಪ್ಪಳಿಸಿದ ಗುರುತನ್ನ ನಿಮ್ಮ ಫೋಟೋದಲ್ಲೇ ನೋಡಿದೆ ರಾಡೋ. ಕಪ್ಪು ಗೆರೆ, ಖಾಲಿ, ಮತ್ತೆ ಗೆರೆ. ಭಾರಕ್ಕಿಂತ ಸ್ಪ್ರಿಂಗ್ ಬಹಳ ಬಿಗಿ ಇತ್ತು. ಹಿಂದೆ ಕೂತಿದ್ದು ಹಗುರ ಮನುಷ್ಯ. ಹಗುರ ಮನುಷ್ಯರಿಗೆ ಹತ್ತು ಕ್ಲಿಕ್ಕು ತಿರುಗಿಸೋದು ಹಳೇ ಲೆಕ್ಕ ಬಿಡದ ಒಬ್ಬನೇ. ಹತ್ತು ಐದಲಿ ಐವತ್ತು. ಐವತ್ತು ಕಿಲೋ ಒಬ್ಬರನ್ನ ಕೂರಿಸ್ಕೊಂಡು ಯೋಷ್ಕೋನ ಗುದ್ದಿದ್ದು ನೀವು ಸ್ಟೋಯಾನ್."

ಸ್ಟೋಯಾನ್ ಮಿಲೇನಾರನ್ನೂ ನೋಡಲಿಲ್ಲ, ರಾಡೋನನ್ನೂ ನೋಡಲಿಲ್ಲ. ನನ್ನನ್ನು ನೋಡಿದ. ನನ್ನನ್ನೇ ಯಾಕೆ?

"ಯಾರದು ಐವತ್ತು ಕಿಲೋ? ಹೇಳ್ರೀ!" ರಾಡೋ ಗದರಿದ.

"ನಾನು."

ಅಡುಗೆಮನೆಯ ಬಾಗಿಲಲ್ಲಿ ವೀಡಾ ನಿಂತಿದ್ದಳು. ಬಟ್ಟೆ ಸುತ್ತಿದ ಮಣಿಕಟ್ಟನ್ನು ಎದೆಗೆ ಒತ್ತಿಕೊಂಡಿದ್ದಳು. ನನ್ನ ಕಿವಿಯಲ್ಲಿ ಇಂಜಿನ್ನುಗಳ ಸದ್ದೆಲ್ಲ ನಿಂತುಹೋಯಿತು. ಒಲೆಯ ಬಾಗಿಲಂತೆ! ಮೂವತ್ತು ವರ್ಷದ ಗೆಳೆಯ, ಇಪ್ಪತ್ತಾರು ವರ್ಷದ ಹೆಂಡತಿ. ಆ ಕ್ಷಣ ನನ್ನ ಮನಸ್ಸಿಗೆ ಬಂದ ಹೊಲಸನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ.

"ನೀನು ಅಂದ್ಕೊಂಡಿರೋದಲ್ಲ ಲೋಯ್ಜೆ," ಎಂದಳು. ನನ್ನ ಮುಖ ಅವಳಿಗೆ ಓದಲು ಬರುತ್ತದೆ. "ಒಂದ್ಸಲ ಘಾಟಿ ಮೇಲೆ ಹೋಗ್ಬೇಕು ಅಂತಿತ್ತು, ಅಷ್ಟೇ. ನಾನೇ ಸ್ಟೋಯಾನ್‌ನ ಕೇಳಿದ್ದು. ನೀನು ಬರೋದ್ರೊಳಗೆ ಮನೆ ಸೇರ್ಬಹುದು ಅಂದ್ಕೊಂಡೆ."

"ಬಿದ್ದ ಮೇಲೆ ಏನಾಯ್ತು ವೀಡಾ?" ಮಿಲೇನಾ ಕೇಳಿದರು.

"ಯೋಷ್ಕೋ ಉಸಿರಾಡ್ತಿದ್ರು. 'ನೀನು ಕಾಲುದಾರೀಲಿ ಇಳಿದು ಹೋಗು, ಆಂಬುಲೆನ್ಸಿಗೆ ನಾನು ಫೋನ್ ಮಾಡ್ತೀನಿ, ಯೋಷ್ಕೋ ಜತೆ ಇರ್ತೀನಿ' ಅಂದ ಸ್ಟೋಯಾನ್. ನಂಬಿ ಬಂದೆ. ಅವರು ಮುಕ್ಕಾಲು ಗಂಟೆ ಚರಂಡೀಲಿ ಒಬ್ರೇ ಬಿದ್ದಿದ್ರು ಅಂತ ಬೆಳಿಗ್ಗೆ ಗೊತ್ತಾಯ್ತು. ಟೀನೆನ ಹಿಡ್ಕೊಂಡು ಹೋದ್ಮೇಲೆ ಇವನಿಗೆ ಫೋನ್ ಮಾಡ್ದೆ. 'ಬಾಯಿ ಬಿಟ್ರೆ ನಿನ್ನ ಗಂಡನ ಎದೆ ನಿಲ್ಲುತ್ತೆ' ಅಂದ. ಎರಡೂವರೆ ಗಂಟೆ ಆಲೂಗಡ್ಡೆ ಹೆಚ್ಚುತ್ತಾ ಕೂತೆ. ಇನ್ನು ಆಗಲ್ಲ."

"ನಾನು ಫೋನ್ ಮಾಡೋನಿದ್ದೆ," ಎಂದ ಸ್ಟೋಯಾನ್. ದನಿ ಒಡೆದಿತ್ತು. "ಕೈಲಿ ಫೋನ್ ಹಿಡ್ಕೊಂಡಿದ್ದೆ. ಮೂವತ್ತು ವರ್ಷ ಜನಕ್ಕೆ ಬುದ್ಧಿ ಹೇಳ್ಕೊಂಡು ಬಂದೋನು ನಾನು... ಹೇಗೆ ಹೇಳ್ಲಿ?"

"ಫೋನ್ ಜೇಬಿಗಿಟ್ಟು ಫುಟ್‌ರೆಸ್ಟ್ ಮಡಿಸೋದಕ್ಕೆ ಮಾತ್ರ ತೋಚಿತು ನಿನಗೆ," ಎಂದೆ. ಅದೇ ನಾನು ಅವನ ಜೊತೆ ಆಡಿದ ಕೊನೆಯ ಮಾತು.

ಹನ್ನೊಂದಕ್ಕೆ ಇಗರ್ಜಿಯ ಗಂಟೆ ಬಡಿಯಿತು. ಮೆರವಣಿಗೆಗೆ ಮುಂದಾಳು ಇರಲಿಲ್ಲ. ಸಂಘದ ಬಿಲ್ಲೆಯ ಸಮೇತ ಸ್ಟೋಯಾನನನ್ನು ರಾಡೋ ಜೀಪಿಗೆ ಹತ್ತಿಸಿದ. ಹನ್ನೆರಡಾಗುವ ಮುಂಚೆ ಟೀನೆಯನ್ನು ಬಿಟ್ಟರು. ಯೋಷ್ಕೋ ಮಂಗಳವಾರ ಕಣ್ಣು ತೆರೆದು ಮೊದಲು ಕೇಳಿದ್ದು ತನ್ನ ಜೇನುಹುಳುಗಳ ಬಗ್ಗೆ. ಟೀನೆಯ ಹತ್ತಿರ ಗಿರಾಕಿಗಳು ಒಬ್ಬೊಬ್ಬರಾಗಿ ತಲೆ ತಗ್ಗಿಸಿಕೊಂಡು ವಾಪಸ್ ಬಂದರು.

ಆ ಭಾನುವಾರವೇ ಹೇಳಿಕೆ ಕೊಡಲು ವೀಡಾಳನ್ನು ಠಾಣೆಗೆ ಕರೆದುಕೊಂಡು ಹೋದವನು ನಾನೇ. ಕಾರಿನಲ್ಲಿ ಅವಳು ನನ್ನ ಪಕ್ಕ ಕೂತಿದ್ದಳು. ಎದುರಿನಿಂದ ಬೈಕುಗಳು ಸಾಲುಸಾಲಾಗಿ ಘಾಟಿಯ ಕಡೆ ಹೋಗುತ್ತಿದ್ದವು. ಕೊನೆಗೆ ತಡೆಯಲಾರದೆ ಕೇಳಿದೆ:

"ಅಷ್ಟು ಆಸೆ ಇದ್ರೆ ನನಗೆ ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ದೆ," ಎಂದಳು ವೀಡಾ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಮೂರು ವರ್ಷದಲ್ಲಿ ನಾಲ್ಕು ಸಲ. ನಾಲ್ಕು ಸಲವೂ ನೀನು ರೇಡಿಯೋ ಜೋರು ಮಾಡ್ದೆ."

ಅವಳು ಹೇಳಿದ್ದು ಸುಳ್ಳಲ್ಲ. ನಾಲ್ಕೂ ಸಲ ನನಗೆ ನೆನಪಿತ್ತು.